ವಸ್ತುಸಂಗ್ರಹಾಲಯಗಳಲ್ಲಿ ಶ್ರೀರಂಗಪಟ್ಟಣ

ದೊಡ್ಡ ಪಟ್ಟಣಕ್ಕೆ ಹೋಗಿಬಂದವರನ್ನು ಅಲ್ಲಿ ಏನೇನು ಕಂಡಿರೆಂದು ಕೇಳಿದರೆ, ಅಂಗಡಿಬೀದಿಗಳ ವರ್ಣನೆ ಗಳಿಗೆಗಟ್ಟಲೆ ನಡೆಯುವುದು. ವಸ್ತುಸಂಗ್ರಹಾಲಯದ ಮಾತು ಬಂದಾಗ ಮಾತ್ರ ‘ಅದನ್ನೂ ನೋಡಿದೆವು’ ಎಂಬ ಒಂದೇ ವಾಕ್ಯದಲ್ಲಿ ಪ್ರಸ್ತಾಪವು ಮುಗಿದುಹೋಗುವುದು. ನಾಟಕವನ್ನು ಕಂಡುಬಂದವನು ಪಾತ್ರಧಾರಿಗಳ ಗುಣದೋಷಗಳನ್ನು ಚರ್ಚಿಸುತ್ತಾನೆ. ಕಾವ್ಯವನ್ನು ಓದಿದವನು ಕವಿಯ ಕೈವಾಡವನ್ನು ವಿಚಾರಿಸುತ್ತಾನೆ. ಪ್ರದರ್ಶನಶಾಲೆಯನ್ನು ಹೀಗೆ ವಿಮರ್ಶೆಗೆ ಗುರಿಮಾಡುವ ವಾಡಿಕೆ ಕನ್ನಡದಲ್ಲಿ ಇನ್ನೂ ಬೇರೂರಿಲ್ಲ. ಆದರೆ ಅದೂ ಒಂದು ಕೃತಿಯೇ ಸರಿ. ಯಾರೋ ಒಬ್ಬರು ಸಾವಿರ ವಸ್ತುಗಳಲ್ಲಿ ಹತ್ತನ್ನು ಆರಿಸಿದ್ದಾರೆ, ಒಂದನ್ನು ಬೆಳಕಿಗೆ ಹಿಡಿದಿದ್ದಾರೆ, ಮತ್ತೊಂದನ್ನು ಮೂಲೆಗೆ ಸರಿಸಿದ್ದಾರೆ, ಪ್ರತಿಯೊಂದರ ಕೆಳಗೂ ಎರಡು ಪಂಕ್ತಿ ಬರೆದಿದ್ದಾರೆ. ಆ ಆಯ್ಕೆಯಲ್ಲಿ ಒಂದು ಅಭಿಪ್ರಾಯವಿದೆ. ಅಭಿಪ್ರಾಯವಿದ್ದ ಕಡೆಯಲ್ಲಿ ವಿಮರ್ಶೆಗೂ ಎಡೆಯುಂಟು.

ಶ್ರೀರಂಗಪಟ್ಟಣದ ಸುತ್ತಲಿನವರಿಗೆ ಇದು ದೂರದ ವಿಷಯವಲ್ಲ. 1799ನೆಯ ಇಸವಿ ಮೇ 4ರಂದು ಕೋಟೆಯು ಬಿದ್ದ ಮೇಲೆ ಅರಮನೆಯಲ್ಲಿದ್ದ ವಸ್ತುಗಳು ದಿಕ್ಕುದಿಕ್ಕಿಗೆ ಚದುರಿದುವು. ಟಿಪ್ಪು ಸುಲ್ತಾನನ ಪುಸ್ತಕಭಂಡಾರದ ಗ್ರಂಥಗಳು ಕಲ್ಕತ್ತೆಗೂ ಇಂಗ್ಲೆಂಡಿಗೂ ಹಂಚಿಹೋದುವು. ಗವರ್ನರ್ ಜನರಲನು ಬೇಡವೆನ್ನುವಷ್ಟರಲ್ಲಿಯೇ ಸಿಂಹಾಸನವನ್ನು ಒಡೆದು ತುಂಡುಮಾಡಿ ಕೊಳ್ಳೆಯ ಪಾಲಾಗಿ ಕೊಟ್ಟುಬಿಟ್ಟಿದ್ದರು. ಅದರ ದೊಡ್ಡ ಹುಲಿದಲೆಯೂ ಹುಮಾ ಪಕ್ಷಿಯೂ ಇಂಗ್ಲೆಂಡಿನ ಅರಸುಮನೆತನದ ವಿಂಡ್ಸರ್ ಕೋಟೆಯನ್ನು ಸೇರಿದುವು. ಸಣ್ಣ ಹುಲಿದಲೆಯೊಂದು ವೇಲ್ಸ್ ಸೀಮೆಯ ಪೋವಿಸ್ ಕೋಟೆಯಲ್ಲಿದೆ. ಆದುದರಿಂದ ಈ ಊರಿನ ಚರಿತ್ರೆಯನ್ನು ಪೂರ್ತಿಯಾಗಿ ಕಣ್ಣಾರೆ ಕಾಣಬೇಕೆಂಬವನು ಸಮುದ್ರವನ್ನು ದಾಟಬೇಕಾಗುತ್ತದೆ.

ದಾಟಿ ಹೋದವನಿಗೆ ಲಂಡನ್ ಪಟ್ಟಣದಲ್ಲಿ ಒಂದು ಅನುಕೂಲವುಂಟು. ಅಲ್ಲಿಯ ದೊಡ್ಡ ಸಂಗ್ರಹಾಲಯಗಳಲ್ಲಿ ಹಲವಕ್ಕೆ ಪ್ರವೇಶಶುಲ್ಕವಿಲ್ಲ. ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದವರು 1985ರಲ್ಲಿ, ಬರುವವರು ಮನಸ್ಸಿದ್ದಷ್ಟು ಕಾಣಿಕೆ ಕೊಡಲೆಂದು ಕೇಳತೊಡಗಿದರು. 1996ರಲ್ಲಿ ಶುಲ್ಕವನ್ನೇ ವಿಧಿಸಿದರು. 2001ರಲ್ಲಿ ಅದನ್ನು ತೆಗೆದುಹಾಕಿದರು. ಟಿಪ್ಪುವಿನ ಹುಲಿಯೆಂದು ಹೆಸರಾದ ಮರದ ಯಂತ್ರವು ಆ ಸಂಸ್ಥೆಯದು. ತನ್ನೂರಿನ ಹುಲಿಯನ್ನು ನೋಡಲು ಶ್ರೀರಂಗಪಟ್ಟಣದವನು ಅಲ್ಲಿ ಕಾಸು ಕೊಡಬೇಕಾಗಿಲ್ಲ. ವಿಮಾನದ ವೆಚ್ಚವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬಾರದು!

ಆ ಹುಲಿಯ ಕಥೆಯನ್ನು ಕೊಂಚ ವಿಸ್ತಾರವಾಗಿಯೇ ಹೇಳಬೇಕು. ಐದೂವರೆ ಅಡಿಗೂ ಮಿಗಿಲಾದ ಉದ್ದ; ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ್ದು. ಕೆಂಪು ಅಂಗಿ, ಕರಿಯ ಟೊಪ್ಪಿಗೆ ತೊಟ್ಟ ಯೂರೋಪಿನವನೊಬ್ಬನು ಅಂಗಾತನೆ ಬಿದ್ದಿದ್ದಾನೆ. ಹುಲಿಯು ಅವನ ಮೇಲೇರಿ ಕೊರಳಿಗೆ ಬಾಯಿ ಹಾಕಿದೆ. ಪಕ್ಕದ ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಆಡಿ ಹುಲಿ ಗುರುಗುಟ್ಟುವುದು, ಮನುಷ್ಯ ನರಳುವನು, ಅವನ ಎಡಗೈ ಏಳುವುದು ಬೀಳುವುದು. ಹುಲಿಯ ಒಡಲಿನಲ್ಲಿ 18 ಸ್ವರಗುಂಡಿಗಳ ಸಣ್ಣದೊಂದು ವಾದ್ಯವೂ ಉಂಟು. ಕೆತ್ತನೆ ಈ ಸೀಮೆಯ ಕುಶಲಿಗಳದೆಂದೂ, ಒಳಯಂತ್ರದಲ್ಲಿ ಯೂರೋಪಿನವರ ಕೈ ಇದ್ದಿರಬಹುದೆಂದೂ ಪರೀಕ್ಷಿಸಿದವರ ಊಹೆ. ಅರಮನೆಯ ಸಂಗೀತಶಾಲೆಯಲ್ಲಿ ದೊರೆತ ಈ ವಸ್ತುವನ್ನು ಲಂಡನ್ನಿನ ಗೋಪುರದಲ್ಲಿ ಇಡಬೇಕೆಂಬ ಸೂಚನೆ ಮೊದಲು ಹುಟ್ಟಿತ್ತು. ಕಡೆಗೆ ಅದು ಕುಂಪಣಿಯ ಕಚೇರಿಯನ್ನು ಸೇರಿ 1808ರಿಂದ ಅಲ್ಲಿ ಜನರ ನೋಟಕ್ಕೆ ಬಿತ್ತು. ಬಂದವರೆಲ್ಲರೂ ಹಿಡಿಯನ್ನು ತಿರುಗಿಸುವವರೇ ಆದರು. ಪಕ್ಕದ ಪುಸ್ತಕಶಾಲೆಯಲ್ಲಿ ಕುಳಿತು ಓದುವ ಪಂಡಿತರಿಗೆ ಆ ಅರಚಾಟವು ದೊಡ್ಡ ಪೀಡೆಯಾಗಿತ್ತೆಂದು ಅಲ್ಲಿಯ ಪತ್ರಿಕೆಯೊಂದು ಬರೆದಿತು. 1880ರಲ್ಲಿ ಹುಲಿಯು ಈಗಿನ ಸಂಸ್ಥೆಗೆ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನಿಂದ ಚಾವಣಿ ಕುಸಿದು ಮೈಮೇಲೆ ಬಿದ್ದಾಗ ಚೂರುಚೂರಾಗಿ, ಬಳಿಕ ಜೋಡಿಸಲ್ಪಟ್ಟಿತು.

ಪಟ್ಟಣದ ಸಂಗೀತಶಾಲೆಯಲ್ಲಿ ಶತ್ರುವಿನ ಸೋಲನ್ನು ಹಾಡಿದ ಯಂತ್ರವೇ ಲಂಡನ್ನಿಗೆ ಬಂದೊಡನೆ ಅದನ್ನು ಮಾಡಿಸಿದವನ ಕ್ರೌರ್ಯಕ್ಕೆ ಸಾಕ್ಷಿಯಾಗಿ ನಿಂತಿತು. ಒಂದು ಸ್ವರವೂ ಬದಲಾಗಲಿಲ್ಲ, ಬದಲಾದದ್ದು ಕೋಣೆ. ಪ್ರದರ್ಶನಕಲೆಯ ಶಕ್ತಿಯೆಂದರೆ ಇದೇ, ಅಪಾಯವೂ ಇದೇ. ಯುದ್ಧದಲ್ಲಿ ಹೈದರನನ್ನು ಎದುರಿಸಿದ್ದ ಸೇನಾನಿ ಮನ್ರೋವಿನ ಮಗನು 1792ರಲ್ಲಿ ಬಂಗಾಳದ ಸಾಗರದ್ವೀಪದಲ್ಲಿ ಹುಲಿಯ ಬಾಯಿಗೆ ಬಿದ್ದುದೇ ಇದಕ್ಕೆ ಮೂಲವೆಂದು ಹಲವರು ಊಹಿಸಿದ್ದಾರೆ. ಇರಬಹುದು. ಆದರೆ ಆ ಊಹೆಯೂ ಆಂಗ್ಲರ ಮನೆಯ ದುಃಖದಿಂದಲೇ ಹೊರಡುತ್ತದೆಂಬುದನ್ನು ಗಮನಿಸಬೇಕು. ಕೃಷ್ಣರಾಜಪೇಟೆ, ನಾಗಮಂಗಲಗಳ ಕಡೆಯ ಪ್ರೇಕ್ಷಕನಿಗೆ ಮತ್ತೊಂದು ನೆನಪು ಬರತಕ್ಕದ್ದು. ಅವನು ಹೊಸಹೊಳಲಿನ ಲಕ್ಷ್ಮೀನಾರಾಯಣ, 1171ರಲ್ಲಿ ಕಟ್ಟಿದ ಕಿಕ್ಕೇರಿಯ ಬ್ರಹ್ಮೇಶ್ವರ, ನಾಗಮಂಗಲದ ಸೌಮ್ಯಕೇಶವ, ಈ ಹೊಯ್ಸಳ ಗುಡಿಗಳ ನೆರಳಿನಲ್ಲಿ ಬೆಳೆದವನು. ಬೇಲೂರಿನ ಬಾಗಿಲಲ್ಲಿ ಮೃಗವನ್ನು ಇರಿಯುವ ಸಳನನ್ನು ಕಂಡವನು. ಅಲ್ಲಿ ಮನುಷ್ಯ ಗೆಲ್ಲುತ್ತಾನೆ, ಮೃಗ ಬೀಳುತ್ತದೆ. ಇಲ್ಲಿ ಅದೇ ಜೋಡಿ ತಲೆಕೆಳಗಾಗಿ ನಿಂತಿದೆ. ಹುಲಿಯನ್ನು ಕೆತ್ತಿದ ಬಡಗಿಯ ಮನಸ್ಸಿನಲ್ಲಿ ಸಳನಿದ್ದನೆಂದು ಸಾಧಿಸಲಾಗದು. ಆದರೂ ನೋಡುವವನ ಮನಸ್ಸಿನಲ್ಲಿ ಅವನು ಇದ್ದರೆ ಕೃತಿಯ ಅರ್ಥವು ಹಿಗ್ಗುವುದು.

ಅದೇ ಕಟ್ಟಡದಲ್ಲಿ ಎಲ್ಲವೂ ಬಿಟ್ಟಿಯೆಂದು ತಿಳಿಯಬಾರದು. ಪೋವಿಸ್ ಕೋಟೆಯಲ್ಲಿ ಟಿಪ್ಪುವಿನದೊಂದು ಡೇರೆಯುಂಟು. ಹೂದಾನಿಯ ಚಿತ್ತಾರವುಳ್ಳ ಹತ್ತಿಬಟ್ಟೆಯದು. ಅದನ್ನು ಪಡೆದ ಮನೆತನದವರು ತೋಟದ ಸಂತೋಷಕೂಟಗಳಿಗೆ ಅದನ್ನು ಎತ್ತಿ ನಿಲ್ಲಿಸುತ್ತಿದ್ದರಂತೆ! 2015ರಲ್ಲಿ ಭಾರತದ ವಸ್ತ್ರಗಳ ಬಗ್ಗೆ ಲಂಡನ್ನಿನಲ್ಲಿ ನಡೆದ ಪ್ರದರ್ಶನಕ್ಕೆ ಈ ಡೇರೆಯೂ ಬಂದಿತ್ತು. ಅದಕ್ಕೆ ಟಿಕೆಟ್ಟು. ಹುಲಿಗೆ ಹಣವಿಲ್ಲ, ಡೇರೆಗೆ ಹಣವುಂಟು. ಎರಡೂ ಒಂದೇ ಯುದ್ಧದ ಕೊಳ್ಳೆ. ಸ್ಥಿರವಾದ ಸಂಗ್ರಹವು ಎಲ್ಲರದು, ತಾತ್ಕಾಲಿಕವಾದ ಪ್ರದರ್ಶನವು ಕೊಟ್ಟವರದು ಎಂಬ ಈ ನಿಯಮವನ್ನು ಹಣಕಾಸಿನ ದೃಷ್ಟಿಯಿಂದ ಒಪ್ಪಬಹುದು. ಆದರೆ ನೂರಾರು ವಸ್ತುಗಳನ್ನು ಹೊಂದಿಸಿ, ಹೋಲಿಸಿ, ಕಾರಣಗಳನ್ನು ಬಿಡಿಸಿ ಹೇಳುವ ಹೊಸ ವಿಚಾರವೆಲ್ಲವೂ ಟಿಕೆಟ್ಟಿನ ಕೋಣೆಯಲ್ಲಿಯೇ ನಡೆಯುವುದು. ಬಿಟ್ಟಿಯ ಬಾಗಿಲಿನಿಂದ ಹೋದವನಿಗೆ ವಸ್ತು ಸಿಕ್ಕುತ್ತದೆ, ವ್ಯಾಖ್ಯಾನ ಕಡಮೆ.

ವ್ಯಾಖ್ಯಾನಕ್ಕೆ ಹಣ ತೆತ್ತವನು ಸತ್ಯವನ್ನೇ ಪಡೆದನೆಂದೂ ಅಲ್ಲ. 1800ರಲ್ಲಿ ಲಂಡನ್ನಿನ ಲೈಸಿಯಂ ಶಾಲೆಯಲ್ಲಿ ಜನರು ಹಣ ಕೊಟ್ಟು ನುಗ್ಗಿ ನೋಡಿದ್ದು ಶ್ರೀರಂಗಪಟ್ಟಣದ ಲಗ್ಗೆಯ ಚಿತ್ರವನ್ನು. ರಾಬರ್ಟ್ ಕೆರ್ ಪೋರ್ಟರ್ ಎಂಬ ಎಳೆಯ ಚಿತ್ರಕಾರನು ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಅದನ್ನು ಬರೆದನು. ಅವನು ಕಾವೇರಿಯನ್ನು ಕಂಡವನಲ್ಲ.

ಇನ್ನು ಈಚೆಯ ದಡಕ್ಕೆ ಬರಬೇಕು. 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಬಾಗಿನ ಪಡುಗೋಡೆಯ ಮೇಲೆ, ಬಾಗಿಲಿನ ಒಂದು ಕಡೆ ಹೈದರ್ ಮತ್ತು ಟಿಪ್ಪು ದಂಡನ್ನು ನಡೆಸುತ್ತಿದ್ದಾರೆ. ಮತ್ತೊಂದು ಕಡೆ 1780ರ ಪೊಳ್ಳಿಲೂರಿನ ಕಾಳಗ. ಪಲ್ಲಕ್ಕಿಯೊಳಗೆ ಗಾಯಗೊಂಡ ಕರ್ನಲ್ ಬೇಲಿ, ಸುತ್ತಲೂ ಅವನ ಕಾಲಾಳುಗಳ ಚೌಕ, ಮದ್ದಿನ ಬಂಡಿ ಸಿಡಿದ ಉರಿ. ಆಂಗ್ಲೇಯರ ಸೋಲಿನ ಈ ಚಿತ್ರವು ಮುತ್ತಿಗೆಗೆ ಮುಂಚೆ ಅಳಿಸಲ್ಪಟ್ಟಿತ್ತು. ಅದನ್ನು ಸರಿಪಡಿಸಿದವನು ಗೆದ್ದು ಬಂದು ಇದೇ ಮಹಲಿನಲ್ಲಿ ವಾಸಮಾಡಿದ ಕರ್ನಲ್ ವೆಲ್ಲೆಸ್ಲಿ. 1855ರಲ್ಲಿ ಬಂದ ಡಾಲ್‌ಹೌಸಿ ಮತ್ತೆ ಬಣ್ಣ ಹಾಕಿಸಲು ಆಜ್ಞೆ ಮಾಡಿದನು. ತಮ್ಮ ಪರಾಜಯವನ್ನು ತಾವೇ ದುಡ್ಡು ಕೊಟ್ಟು ಬರೆಸಿದ ಈ ಔದಾರ್ಯವು ಗೆದ್ದವನಿಗೆ ಮಾತ್ರ ಸಾಧ್ಯ. ಪ್ರೇಕ್ಷಕನು ಅಲ್ಲಿ ನಿಂತು ಕೇಳಬೇಕಾದ ಪ್ರಶ್ನೆ: ಈಗ ಕಾಣುವ ಗೆರೆಗಳಲ್ಲಿ ಟಿಪ್ಪುವಿನ ಚಿತ್ರಕಾರನದೆಷ್ಟು, ಅನಂತರದವರದೆಷ್ಟು? 1959ರಲ್ಲಿ ಮಹಲು ವಸ್ತುಸಂಗ್ರಹಾಲಯವಾದ ಮೇಲೆ ಜನರು ಒಳಗಿನ ಪಟಗಳನ್ನೂ ಹಸ್ತಪ್ರತಿಗಳನ್ನೂ ನೋಡಲು ಅವಸರಪಡುತ್ತಾರೆ. ಬಿಸಿಲಿಗೆ ಮರೆಕಟ್ಟಿದ ಜಗಲಿಯ ಅರೆಗತ್ತಲಲ್ಲಿ ಆ ಗೋಡೆಯನ್ನು ಬೆನ್ನ ಹಿಂದೆ ಬಿಟ್ಟು ಹೋಗುತ್ತಾರೆ. ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ತಮ್ಮ ತೀರ್ಪನ್ನು ಮನೆಯಿಂದಲೇ ತಂದಿರುತ್ತಾರಾಗಿ, ಗೋಡೆಯನ್ನು ಓದುವ ತಾಳ್ಮೆ ಇಬ್ಬರಿಗೂ ಇಲ್ಲ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಶುಲ್ಕವಿಲ್ಲ. ಪಾಂಡವಪುರದಿಂದಲೋ ನಾಗಮಂಗಲದಿಂದಲೋ ಮಕ್ಕಳನ್ನು ಕರೆತರುವ ಉಪಾಧ್ಯಾಯರು ಅರ್ಧ ಗಂಟೆಯನ್ನು ಆ ಗೋಡೆಯೊಂದಕ್ಕೇ ಮೀಸಲಿಟ್ಟರೆ ಸಾಕು.

ಬೆಂಗಳೂರಿಗೆ ಹೋಗುವವರಿಗೆ ಇಂಥ ಅವಕಾಶಗಳು ಬಹಳ. 2003ರಿಂದ ಚಿತ್ರಕಲಾ ಪರಿಷತ್ತಿನವರು ಕುಮಾರಕೃಪಾ ರಸ್ತೆಯಲ್ಲಿ ನಡೆಸಿಕೊಂಡು ಬಂದಿರುವ ಚಿತ್ರಸಂತೆಯನ್ನು ಕಾಸಿಲ್ಲದೆ ಕಾಣಬಹುದು. ಗದ್ದಲದಲ್ಲಿ ಚಿತ್ರಕ್ಕಿಂತ ಹೆಚ್ಚಾಗಿ ತಲೆಗಳೇ ಕಂಡರೂ ಅದು ಸಂತೆಯ ಧರ್ಮ. ಆದರೆ ಮಂಡ್ಯದ ಕಡೆಯವರು ಮರೆಯಬಾರದ ವಸ್ತು 1865ರಲ್ಲಿ ಸ್ಥಾಪಿತವಾದ ಸರ್ಕಾರಿ ವಸ್ತುಸಂಗ್ರಹಾಲಯದ ಒಂದು ಕಲ್ಲು. ನೆರೆಯ ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ ಆ ಶಾಸನವು ಸುಮಾರು 950ನೆಯ ಇಸವಿಯದು. ತಕ್ಕೋಲದಲ್ಲಿ ಚೋಳರನ್ನು ಗೆದ್ದ ರಾಷ್ಟ್ರಕೂಟ ಮೂರನೆಯ ಕೃಷ್ಣ, ಅವನ ಕಡೆ ಕಾದಿದ ಗಂಗ ಬೂತುಗ, ಬೂತುಗನ ವೀರನಾದ ಮಣಲೆರ, ಇಷ್ಟೆಲ್ಲವೂ ಅದರಲ್ಲುಂಟು. ಮಣಲೆರನು ಬೇಡಿ ಪಡೆದದ್ದು ಕಾಳಿಯೆಂಬ ಬೇಟೆನಾಯಿಯನ್ನು. ಅದು ದೊಡ್ಡದೊಂದು ಹಂದಿಯೊಡನೆ ಕಾದಿತು, ಎರಡೂ ಸತ್ತುವು. ರಾಜರ ಯುದ್ಧವನ್ನು ಹೇಳುವ ಕಲ್ಲಿನಲ್ಲಿಯೇ ನಾಯಿಯೂ ಹಂದಿಯೂ ಕಾದುವುದನ್ನು ಕೆತ್ತಿದ್ದಾರೆ. ಆ ನಾಯಿಗಾಗಿ ಊರಿನ ಚಲ್ಲೇಶ್ವರದ ಮುಂದೆ ಈ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟರು.

ಕಲ್ಲನ್ನು ಊರಿನಿಂದ ಎತ್ತಿದುದು ತಪ್ಪೆಂದು ಒಂದೇ ಮಾತಿನಲ್ಲಿ ಹೇಳಿಬಿಡಲಾಗದು. ಮಳೆಬಿಸಿಲುಗಳಿಂದ ಅದು ಉಳಿದಿದೆ, ಹಳಗನ್ನಡವನ್ನು ಓದಬಲ್ಲವರಿಗೆ ದಕ್ಕಿದೆ. ಆದರೆ ಲಂಡನ್ನಿನ ಹುಲಿಯ ಬಗ್ಗೆ ಕೇಳುವ ಪ್ರಶ್ನೆಯನ್ನು ಬೆಂಗಳೂರಿನ ನಾಯಿಯ ಬಗ್ಗೆಯೂ ಕೇಳಬೇಕಲ್ಲವೆ? ಆ ಶಾಸನದಲ್ಲಿ ಒಂದು ಕಟ್ಟಳೆಯುಂಟು: ಸ್ಥಾನವನ್ನು ನೋಡಿಕೊಳ್ಳುವ ಗೊರವನು ಈ ಕಲ್ಲನ್ನು ಪೂಜಿಸದೆ ಉಣ್ಣಕೂಡದು.