ಹೆಜ್ಜೆಗೆ ಕಟ್ಟಿದ ರಾಗ

ಸೇನಾ ಬ್ಯಾಂಡಿನ ಸಂಗೀತವನ್ನು ನಮ್ಮ ವಿಮರ್ಶೆ ಸಂಗೀತವೆಂದು ಲೆಕ್ಕಕ್ಕೆ ಹಿಡಿದದ್ದೇ ಕಡಿಮೆ. ಶಾಸ್ತ್ರೀಯ ಕಛೇರಿಗೆ ವಿಮರ್ಶೆ ಇದೆ, ಸುಗಮ ಸಂಗೀತಕ್ಕೆ ಇದೆ, ಸಿನಿಮಾ ಹಾಡಿಗಂತೂ ಬೇಕಾದಷ್ಟಿದೆ. ಆಗಸ್ಟ್ 15, ನವೆಂಬರ್ 1, ಜನವರಿ 26ರಂದು ಪ್ರತಿ ಜಿಲ್ಲಾ ಕೇಂದ್ರದ ಮೈದಾನದಲ್ಲೂ ಜನರ ಮೈ ನವಿರೇಳಿಸುವ ಸಂಗೀತದ ಬಗ್ಗೆ ಮಾತ್ರ ಮಾತಿಲ್ಲ. ಮಂತ್ರಿಗಳ ಭಾಷಣ ಸುದ್ದಿಯಾಗುತ್ತದೆ, ಸ್ತಬ್ಧಚಿತ್ರ ಸುದ್ದಿಯಾಗುತ್ತದೆ. ಬ್ಯಾಂಡ್ ಏನು ನುಡಿಸಿತು, ಹೇಗೆ ನುಡಿಸಿತು ಎಂದು ಯಾರೂ ಕೇಳುವುದಿಲ್ಲ.

ಬಳ್ಳಾರಿಯಲ್ಲಿ ಕೂತು ಈ ಮಾತು ಎತ್ತುವುದಕ್ಕೆ ಕಾರಣವಿದೆ. ಇದು ದಂಡಿನ ಊರು. 1800ರಲ್ಲಿ ಹೈದರಾಬಾದಿನ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಇಲ್ಲಿ ಪಲ್ಟನ್ನುಗಳು ಬೀಡುಬಿಟ್ಟವು. ಸೀಮೆಯ ಮೊದಲ ಕಲೆಕ್ಟರ್ ಥಾಮಸ್ ಮನ್ರೋ ಕೂಡ ಸೈನಿಕನೇ. ಆ ದಂಡು ಹೋಯಿತು. ಅದರ ಗುರುತು ಕಂಟೋನ್ಮೆಂಟ್ ರೈಲು ನಿಲ್ದಾಣದ ಹೆಸರಿನಲ್ಲಿ, ಕೌಲ್ ಬಜಾರಿನಲ್ಲಿ ಉಳಿದಿದೆ. ದಂಡಿನ ಜೊತೆ ಬಂದ ಬ್ಯಾಂಡ್ ಮಾತ್ರ ಗುರುತಾಗಿ ಉಳಿಯದೆ ಊರಿನದೇ ಆಗಿ ಹೋಯಿತು. ಗಾಂಧಿನಗರದಲ್ಲಿ ಜನವರಿ ಹುಟ್ಟಿತೆಂದರೆ ಶಾಲಾ ಮಕ್ಕಳ ಡ್ರಮ್ಮಿನ ಅಭ್ಯಾಸ ಮನೆಯೊಳಕ್ಕೇ ಕೇಳುತ್ತದೆ. ಮೊದಮೊದಲು ಸೈಡ್ ಡ್ರಮ್ಮಿನ ಹುಡುಗಿಯರ ಕೈ ಕೂಡಿ ಬರುವುದಿಲ್ಲ. ಒಬ್ಬಳು ಮುಂದೋಡುತ್ತಾಳೆ, ಇನ್ನೊಬ್ಬಳು ಹಿಂದುಳಿಯುತ್ತಾಳೆ. ದೊಡ್ಡ ಡ್ರಮ್ಮು ಹೊತ್ತ ಹುಡುಗ ಹೊಟ್ಟೆ ಹಿಂದಕ್ಕೆಳೆದುಕೊಂಡು, ಗದ್ದ ಎತ್ತಿ, ಮಾಸ್ತರರ ಬೆರಳನ್ನೇ ನೋಡುತ್ತಿರುತ್ತಾನೆ. ಕೊನೆಗೊಂದು ಬೆಳಿಗ್ಗೆ ಎಲ್ಲರ ಪೆಟ್ಟೂ ಒಂದೇ ಆಗಿ ಬೀಳುತ್ತದೆ. ಆಗ ಬೀದಿಯಲ್ಲಿ ಹಾಲಿಗೆ ಹೊರಟವರನ್ನು ಗಮನಿಸಬೇಕು. ಅವರಿಗೆ ಗೊತ್ತಿಲ್ಲದಂತೆಯೇ ಅವರ ಕಾಲು ಆ ಲಯಕ್ಕೆ ಹೊಂದಿಕೊಂಡಿರುತ್ತದೆ.

ಮಾರ್ಚ್ ಸಂಗೀತದ ಶಕ್ತಿಯೆಲ್ಲ ಇರುವುದು ಇಲ್ಲೇ. ಅದು ಕಾಲಿನಿಂದ ಹೊಕ್ಕು ಎದೆಗೆ ಏರುತ್ತದೆ. ವೇಗದ ಮಾರ್ಚಿಗೆ ನಿಮಿಷಕ್ಕೆ ಸುಮಾರು 120 ಹೆಜ್ಜೆ. ಬೆಳಗಾವಿಯಲ್ಲಿ ನೆಲೆ ಇರುವ ಮರಾಠಾ ಲೈಟ್ ಇನ್‌ಫೆಂಟ್ರಿಯಂಥ ದಳಗಳದ್ದು ಅದಕ್ಕಿಂತ ಚುರುಕು. ಲಯ ಬಹಳ ಸರಳ. ಎಡಗಾಲಿಗೆ ಒಂದು, ಬಲಗಾಲಿಗೆ ಒಂದು. ಕೆಲವು ಮಾರ್ಚ್‌ಗಳಲ್ಲಿ ಆ ಒಂದೊಂದು ಎಣಿಕೆಯೂ ಮೂರಾಗಿ ಒಡೆದು ನಮ್ಮ ತಿಶ್ರ ನಡೆಯ ಹಾಗೆ ತೂಗುತ್ತದೆ. ಸ್ವರದಲ್ಲಿ ಗಮಕವಿಲ್ಲ, ಬಾಗುವಿಕೆ ಇಲ್ಲ. ಆ ವೇಗದಲ್ಲಿ ನಡೆಯುತ್ತಾ ಊದುವವನಿಗೆ ಅದು ಸುಲಭವೂ ಅಲ್ಲ. ಬಹುಪಾಲು ಮಾರ್ಚ್‌ಗಳು ನಮ್ಮ ಶಂಕರಾಭರಣದ ಸ್ವರಗಳಲ್ಲೇ ನಡೆಯುತ್ತವೆ. ಇಷ್ಟು ಬಡ ಸಾಮಗ್ರಿಯಿಂದ ಇಷ್ಟು ದೊಡ್ಡ ಭಾವ ಹೇಗೆ ಎದ್ದೇಳುತ್ತದೆ?

ವೀರರಸ ಎಂದು ಹೇಳಿ ಕೈತೊಳೆದುಕೊಳ್ಳುವುದು ರೂಢಿ. ನನಗೆ ಆ ಉತ್ತರ ಸಾಲದು. ಮಾರ್ಚಿನ ನಡುವೆ ಬರುವ, ‘ಟ್ರಿಯೊ’ ಎಂದು ಕರೆಯುವ ಭಾಗವನ್ನು ಕಿವಿಗೊಟ್ಟು ಕೇಳಿ. ಅಬ್ಬರ ಇಳಿಯುತ್ತದೆ, ಟ್ರಂಪೆಟ್ಟುಗಳು ಹಿಂದೆ ಸರಿಯುತ್ತವೆ, ಕ್ಲಾರಿಯೋನೆಟ್ ಮತ್ತು ಯೂಫೋನಿಯಂ ಮೆಲ್ಲಗೆ ಒಂದು ಉದ್ದದ ರಾಗವನ್ನು ಹಿಡಿಯುತ್ತವೆ. ಆಗ ಆಧಾರ ಷಡ್ಜವೇ ಜಾಗ ಬದಲಿಸಿ ಮಧ್ಯಮಕ್ಕೆ ಹೋಗಿ ಕೂತಿರುತ್ತದೆ. ಪುನ್ನಾಗವರಾಳಿ, ನಾದನಾಮಕ್ರಿಯೆಗಳನ್ನು ನಮ್ಮ ಗಾಯಕರು ಮಧ್ಯಮ ಶ್ರುತಿಯಲ್ಲಿ ಹಾಡುವಾಗ ಮನಸ್ಸು ಹೇಗೆ ಕರಗುತ್ತದೋ ಇಲ್ಲೂ ಹಾಗೆಯೇ. ಒಂದಕ್ಕೊಂದು ಪರಿಚಯವೇ ಇಲ್ಲದ ಎರಡು ಪದ್ಧತಿಗಳು ಮೃದುತ್ವಕ್ಕೆ ಒಂದೇ ಬಾಗಿಲು ಕಂಡುಕೊಂಡದ್ದು ನನಗೆ ಯಾವತ್ತೂ ಬೆರಗು. ಯುದ್ಧಕ್ಕೆ ಹೊರಟವನ ಸಂಗೀತದ ನಟ್ಟನಡುವೆ ಮನೆಯ ನೆನಪು ಇದೆ. ಟ್ರಿಯೊ ಇಲ್ಲದೆ ಬರೀ ಅಬ್ಬರವೇ ತುಂಬಿದ ಮಾರ್ಚ್ ಎರಡನೆಯ ಸಲ ಕೇಳಿಸಿಕೊಳ್ಳುವುದಿಲ್ಲ.

‘ಕರ್ನಲ್ ಬೋಗಿ’ಯನ್ನೇ ತೆಗೆದುಕೊಳ್ಳಿ. ಬ್ರಿಟಿಷ್ ಬ್ಯಾಂಡ್ ಮಾಸ್ಟರ್ ಎಫ್.ಜೆ. ರಿಕೆಟ್ಸ್ 1914ರಲ್ಲಿ, ಕೆನೆತ್ ಆಲ್ಫರ್ಡ್ ಎಂಬ ಹೆಸರಿನಲ್ಲಿ ಕಟ್ಟಿದ್ದು. ಶುರುವಾಗುವುದು ಪಂಚಮದಿಂದ ಗಾಂಧಾರಕ್ಕೆ ಇಳಿಯುವ ಎರಡೇ ಸ್ವರದಿಂದ, ಪಕ್ಕದ ಮನೆಯ ಮಗುವನ್ನು ಆಟಕ್ಕೆ ಕರೆಯುವ ದನಿಯಲ್ಲಿ. 1957ರ ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ ಚಿತ್ರದಲ್ಲಿ ಜಪಾನೀಯರ ಸೆರೆಯಾಳುಗಳು ಇದನ್ನೇ ಶಿಳ್ಳೆ ಹಾಕುತ್ತಾ ಶಿಬಿರದೊಳಗೆ ನಡೆದು ಬರುತ್ತಾರೆ. ಕೈಯಲ್ಲಿ ಕೋವಿ ಇಲ್ಲ, ಬಟ್ಟೆ ಹರಿದಿದೆ. ನೋಡುವವರ ಕಣ್ಣು ತುಂಬುತ್ತದೆ. ಗೆಲುವೂ ಇಲ್ಲ, ವಾದ್ಯವೂ ಇಲ್ಲ. ಉಳಿದಿರುವುದು ಕೂಡಿ ನಡೆಯುವುದೊಂದೇ, ಅದೊಂದೇ ಸಾಕಾಗಿದೆ. ಮಾರ್ಚಿನ ಸ್ಥಾಯಿಭಾವ ಜೊತೆಗಾರಿಕೆ. ವೀರ ಅದರ ಮೇಲೆ ತೊಟ್ಟ ಸಮವಸ್ತ್ರ.

ಇದೇ ಕಾರಣಕ್ಕೆ ಇದು ಅಪಾಯದ ಸಂಗೀತವೂ ಹೌದು. ಟಾಲ್‌ಸ್ಟಾಯ್ ‘ಕ್ರಾಯ್ಟ್ಸರ್ ಸೊನಾಟಾ’ದಲ್ಲಿ ತನ್ನ ಪಾತ್ರದ ಬಾಯಲ್ಲಿ ಆಡಿಸುವ ವಾದದ ಸಾರ ಇಷ್ಟು: ಮಾರ್ಚ್ ನುಡಿಸಿದರೆ ಸೈನಿಕರು ನಡೆಯುತ್ತಾರೆ, ಅಲ್ಲಿಗೆ ಆ ಸಂಗೀತದ ಕೆಲಸ ಮುಗಿಯಿತು. ಆತ ಇದನ್ನು ಮಾರ್ಚಿನ ಪರವಾಗಿಯೇ ಹೇಳುತ್ತಾನೆ. ಆದರೆ ಎಲ್ಲಿಗೆ ನಡೆಯುತ್ತಾರೆ, ಯಾರ ಮೇಲೆ ನಡೆಯುತ್ತಾರೆ ಎಂಬ ಪ್ರಶ್ನೆ ಆ ಲಯದೊಳಗೆ ಏಳುವುದೇ ಇಲ್ಲ. ಅಮೆರಿಕದ ಇತಿಹಾಸಕಾರ ವಿಲಿಯಂ ಮೆಕ್‌ನೀಲ್ 1995ರಲ್ಲಿ ಈ ವಿಷಯದ ಮೇಲೆಯೇ ಒಂದು ಪುಸ್ತಕ ಬರೆದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ತಾವೇ ಮಾಡಿದ ಡ್ರಿಲ್ಲಿನಿಂದ ಹೊರಟು, ಕೂಡಿ ಹೆಜ್ಜೆ ಹಾಕುವವರಲ್ಲಿ ಸ್ನಾಯುಗಳ ಮೂಲಕವೇ ಒಂದು ಬಂಧ ಹುಟ್ಟುತ್ತದೆ ಎಂದು ವಾದಿಸಿದರು. ಕಂಪನಿಯ ಪಲ್ಟನ್ನುಗಳಲ್ಲಿ ನಮ್ಮವರೇ ಈ ಬಂಧಕ್ಕೆ ಸಿಕ್ಕು ನಮ್ಮವರ ಮೇಲೆಯೇ ನಡೆದರು. ಈ ಸಂಗೀತವನ್ನು ಮೆಚ್ಚುವವರು ಆ ಚರಿತ್ರೆಯನ್ನು ಮರೆಮಾಚಬಾರದು.

ಅದೇ ಹೆಜ್ಜೆಯನ್ನು ತಿರುಗಿಸಿ ನಿಲ್ಲಿಸಿದವರೂ ನಮ್ಮಲ್ಲಿದ್ದಾರೆ. ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್ 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿ ಸ್ವಯಂಸೇವಕರಿಗೆ ಕವಾಯತು ಕಲಿಸಿದರು; ಮರುವರ್ಷ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನದಲ್ಲಿ ಆ ಶಿಸ್ತು ಕೆಲಸಕ್ಕೆ ಬಂತು. ಸುಭಾಷರ ಆಜಾದ್ ಹಿಂದ್ ಫೌಜಿನಲ್ಲಿ ಗೂರ್ಖಾ ಸೈನಿಕ ರಾಮ್ ಸಿಂಗ್ ಠಾಕುರಿ ‘ಕದಮ್ ಕದಮ್ ಬಢಾಯೆ ಜಾ’ಕ್ಕೆ ಸಂಗೀತ ಕೊಟ್ಟರು. ಬ್ರಿಟಿಷ್ ಬ್ಯಾಂಡಿನ ಪೆಟ್ಟು ಬ್ರಿಟಿಷರ ಎದುರಿಗೇ ಬಿತ್ತು.

ಇನ್ನು ಕನ್ನಡ ನಾಡು ಈ ಪರಂಪರೆಯನ್ನು ಹೇಗೆ ಒಳಗೆ ಬಿಟ್ಟುಕೊಂಡಿತು ಎಂಬ ಮಾತು. ದಕ್ಷಿಣದಲ್ಲಿ ಮೊದಲು ಕಿವಿ ತೆರೆದವರು ಮುತ್ತುಸ್ವಾಮಿ ದೀಕ್ಷಿತರು. ಕಂಪನಿಯ ಬ್ಯಾಂಡಿನ ಧಾಟಿಗಳಿಗೆ ಅವರು ಸಂಸ್ಕೃತ ಸಾಹಿತ್ಯ ಹೊಂದಿಸಿ ಮಾಡಿದ ನೊಟ್ಟುಸ್ವರಗಳನ್ನು ಇಂದಿಗೂ ಮಕ್ಕಳು ಕಲಿಯುತ್ತಾರೆ. ಇಂಗ್ಲೆಂಡಿನ ರಾಜಗೀತೆಯ ಧಾಟಿ ಅವರ ಕೈಯಲ್ಲಿ ದೇವೀಸ್ತುತಿಯಾಯಿತು. ಮೈಸೂರಿನಲ್ಲಿ 1868ರಲ್ಲಿ ಅರಮನೆ ಬ್ಯಾಂಡ್ ಆರಂಭವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಜರ್ಮನಿಯ ಒಟ್ಟೋ ಸ್ಮಿತ್ ಅರಮನೆಯ ಪಾಶ್ಚಾತ್ಯ ವಾದ್ಯವೃಂದಕ್ಕೆ ಮುಖ್ಯಸ್ಥರಾಗಿದ್ದರು. ಪಕ್ಕದಲ್ಲೇ ಕರ್ನಾಟಕ ಸಂಗೀತದ ಬ್ಯಾಂಡೂ ಬೆಳೆಯಿತು. ರಾಜಪ್ರಭುತ್ವ ಮುಗಿದ ಮೇಲೆ ಎರಡೂ ಪೊಲೀಸ್ ಇಲಾಖೆಗೆ ಸೇರಿ, ಇಂಗ್ಲಿಷ್ ಬ್ಯಾಂಡ್ ಮತ್ತು ಕರ್ನಾಟಕ ಬ್ಯಾಂಡ್ ಎಂದೇ ಉಳಿದುಕೊಂಡಿವೆ.

ಈ ಬ್ಯಾಂಡಿನ ದೊಡ್ಡ ಕೊಡುಗೆ ಬ್ಯಾಂಡಿನ ಹೊರಗೆ ಇದೆ. ಬಂಟ್ವಾಳ ಕಡೆಯ ನಾಗಸ್ವರ ಮನೆತನದ ಹುಡುಗನೊಬ್ಬ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತ. ವರ್ಷಗಟ್ಟಲೆ ಹಿಡಿದು ಅದರಲ್ಲಿ ಗಮಕ ಹೊರಡಿಸುವ ದಾರಿ ಹುಡುಕಿದ. ಕದ್ರಿ ಗೋಪಾಲನಾಥರು ಹಾಗೆ ನಮಗೆ ದಕ್ಕಿದರು. ಮಾರ್ಚಿಗೆಂದು ಬಂದ ವಾದ್ಯ, ಮಾರ್ಚಿಗೆ ಬೇಡವಾದ ಗಮಕವನ್ನೇ ಕಲಿತುಬಿಟ್ಟಿತು. ಬ್ಯಾಂಡ್ ಪರಂಪರೆಯಿಂದ ಕರ್ನಾಟಕ ಪಡೆದ ಅತ್ಯುತ್ತಮ ಫಲ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ಅದೇ ಮಾತಿನಲ್ಲಿ ನಮ್ಮ ಕೊರತೆಯೂ ಇದೆ. ವಾದ್ಯಗಳನ್ನು ತೆಗೆದುಕೊಂಡೆವು, ಕನ್ನಡದ್ದೇ ಮಾರ್ಚನ್ನು ಕಟ್ಟಲಿಲ್ಲ. ದೇಶದ ಮಟ್ಟದಲ್ಲಿ ಮಾತ್ರ ಆ ಕೆಲಸ ನಡೆಯಿತು. ಕೊಡಗಿನ ಜನರಲ್ ಕಾರಿಯಪ್ಪನವರು ಸೇನಾ ದಂಡನಾಯಕರಾಗಿದ್ದಾಗ, 1950ರಲ್ಲಿ, ಪಚ್‌ಮಢಿಯಲ್ಲಿ ಸೇನಾ ಸಂಗೀತದ ಶಾಲೆ ಶುರುವಾಯಿತು. ಭಾರತೀಯ ಧಾಟಿಯ ಮಾರ್ಚ್‌ಗಳು ಒಂದೊಂದಾಗಿ ಬಂದವು. ದೆಹಲಿಯಲ್ಲಿ ಪ್ರತಿ ಜನವರಿ 29ರಂದು ನಡೆಯುವ ಬೀಟಿಂಗ್ ರಿಟ್ರೀಟ್‌ನಲ್ಲಿ ಆ ಬದಲಾವಣೆ ಎದ್ದು ಕಾಣುತ್ತದೆ. 2022ರಲ್ಲಿ ‘ಅಬೈಡ್ ವಿತ್ ಮಿ’ಯನ್ನು ಕೈಬಿಟ್ಟು ‘ಏ ಮೇರೆ ವತನ್ ಕೆ ಲೋಗೋ’ ಸೇರಿಸಿದಾಗ ದೊಡ್ಡ ವಾದವೇ ನಡೆಯಿತು. ಗಾಂಧೀಜಿಗೆ ಪ್ರಿಯವಾಗಿದ್ದ ಪ್ರಾರ್ಥನೆಯನ್ನು ಬಿಟ್ಟದ್ದು ನನಗೆ ನೋವಿನ ಸಂಗತಿ. ಆದರೂ ಅದರ ಜಾಗಕ್ಕೆ ತಂದದ್ದು ಮಡಿದವರಿಗಾಗಿ ಅಳುವ ಇನ್ನೊಂದು ಹಾಡನ್ನೇ. ಸಂಜೆಯ ಹೊತ್ತು ಬ್ಯಾಂಡಿನಿಂದ ಜನ ಬಯಸುವುದು ಏನೆಂದು ಆಯ್ಕೆ ಮಾಡಿದವರಿಗೂ ಗೊತ್ತಿತ್ತು.

ಆ ಶೋಕದ ಬದಿಯನ್ನು ನೋಡಬೇಕೆಂದರೆ ದೆಹಲಿಗೆ ಹೋಗಬೇಕಿಲ್ಲ. 1959ರ ಅಕ್ಟೋಬರ್ 21ರಂದು ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಹತ್ತು ಮಂದಿ ಪೊಲೀಸರು ಚೀನೀ ಸೈನಿಕರ ಗುಂಡಿಗೆ ಬಲಿಯಾದರು. ಪ್ರತಿ ವರ್ಷ ಆ ದಿನ ಜಿಲ್ಲಾ ಪೊಲೀಸ್ ಮೈದಾನಗಳಲ್ಲಿ ಹುತಾತ್ಮರ ದಿನಾಚರಣೆ ನಡೆಯುತ್ತದೆ. ವರ್ಷದಲ್ಲಿ ಮಡಿದವರ ಹೆಸರುಗಳನ್ನು ಓದುತ್ತಾರೆ. ‘ಶೋಕ ಶಸ್ತ್ರ’ ಎಂಬ ಆಜ್ಞೆಗೆ ಬಂದೂಕಿನ ನಳಿಗೆಗಳು ನೆಲಕ್ಕೆ ಬಾಗುತ್ತವೆ. ಬ್ಯೂಗಲ್‌ನವರು ‘ಲಾಸ್ಟ್ ಪೋಸ್ಟ್’ ಎಂಬ ವಿದಾಯದ ಧಾಟಿ ಊದುತ್ತಾರೆ. ಬ್ಯೂಗಲ್ಲಿಗೆ ಒತ್ತುಗುಂಡಿಗಳಿಲ್ಲ, ತೂತುಗಳಿಲ್ಲ. ತುಟಿ ಬಿಗಿದು ಸಡಿಲಿಸಿ ಹೊರಡಿಸುವ ಐದಾರು ಸ್ವರಗಳಷ್ಟೇ. ಸ್ವಲ್ಪ ತುಟಿ ನಡುಗಿದರೆ ಸ್ವರ ಒಡೆಯುತ್ತದೆ. ಒಡೆದಾಗ ಯಾರೂ ತಪ್ಪು ಎಣಿಸುವುದಿಲ್ಲ. ಎಂಥ ಘನ ವಿದ್ವಾಂಸರ ಆಲಾಪನೆಯ ಎದುರಿಗೂ ಆ ಒಂದು ನಿಮಿಷವನ್ನು ನಾನು ಕಡಿಮೆ ಎನ್ನಲಾರೆ.

ಮದುವೆಯ ಬ್ಯಾಂಡ್‌ಸೆಟ್ ಈ ಮನೆತನದ ಬಡ ಬಂಧು. ಭುಜಪಟ್ಟಿಯ ಕೋಟು, ಜರಿಯ ಟೋಪಿ, ಕೈಯಲ್ಲಿ ಹಳೆಯ ಟ್ರಂಪೆಟ್. ಬಾಜಾ ಭಜಂತ್ರಿ ಇಲ್ಲದೆ ಲಗ್ನವಿಲ್ಲ ಎನ್ನುವ ಸೀಮೆಯಲ್ಲಿ ಅವರು ತಲೆಮಾರುಗಳಿಂದ ದಂಡಿನ ವಾದ್ಯಕ್ಕೆ ದಾಸರಪದವನ್ನೂ ರಾಜ್‌ಕುಮಾರ್ ಹಾಡನ್ನೂ ಕಲಿಸಿದರು. ಬಹಳ ಮಂದಿಗೆ ಸ್ವರಲಿಪಿ ಬರುವುದಿಲ್ಲ, ಕೇಳಿ ಹಿಡಿಯುತ್ತಾರೆ. ಈಗ ಡಿಜೆ ಬಂದು ಅವರ ಹೊಟ್ಟೆಯ ಮೇಲೆ ಹೊಡೆದಿದೆ. ಇವರನ್ನು ಕಲಾವಿದರೆಂದು ಲೆಕ್ಕಿಸದಿದ್ದುದು ನಮ್ಮ ಸಂಗೀತ ಲೋಕದ ದೊಡ್ಡ ಅನ್ಯಾಯ.

ಬಳ್ಳಾರಿ ಸೀಮೆಯಲ್ಲಿ ಇನ್ನೊಂದು ಸಂಪತ್ತಿದೆ: ತಾಶಾ ರಾಂಡೋಲ್ ಎಂಬ ಚರ್ಮವಾದ್ಯಗಳ ಮೇಳ. ಕುರುಗೋಡಿನ ತೇರಿರಲಿ, ಸಿರುಗುಪ್ಪದ ಮೆರವಣಿಗೆಯಿರಲಿ, ತಾಶೆಯ ಬಿರುಸಾದ ಸಣ್ಣ ಪೆಟ್ಟುಗಳ ಕೆಳಗೆ ರಾಂಡೋಲಿನ ಭಾರದ ಪೆಟ್ಟು ಬಿದ್ದಾಗ ನಿಂತವರ ಮೈಯೆಲ್ಲ ತಾಳವಾಗುತ್ತದೆ. ಬ್ಯಾಂಡಿನ ದೊಡ್ಡ ಡ್ರಮ್ಮು ಮತ್ತು ತಾಳಗಳನ್ನು ಯುರೋಪಿನ ಸೇನೆಗಳು ತುರ್ಕಿ ಸುಲ್ತಾನರ ಮೆಹ್ತರ್ ಮೇಳದಿಂದ ಕಲಿತವು. ತಾಶೆಯ ಬಳಗದ ನಮ್ಮ ನಗಾರಿಯೂ ಬಂದದ್ದು ಅದೇ ಪಶ್ಚಿಮ ಏಷ್ಯಾದ ಕಡೆಯಿಂದ. ದೂರದ ಸಂಬಂಧಿಕರಿಬ್ಬರು ಒಂದೇ ಊರಿನ ಬೀದಿಯಲ್ಲಿ ಓಡಾಡುತ್ತಿದ್ದಾರೆ. ಅವರನ್ನು ಎದುರುಬದುರು ಕೂರಿಸಿ ಮಾತಾಡಿಸುವ ಸಂಯೋಜಕ ಬೇಕಾಗಿದ್ದಾನೆ. ಬರೀ ಎರಡೆಣಿಕೆಯ ನಡೆಗೆ ತಾಶೆಯ ಒಳಪೆಟ್ಟು ಸೇರಿದರೆ, ಟ್ರಿಯೊ ಭಾಗದಲ್ಲಿ ನಮ್ಮದೇ ರಾಗವೊಂದು ಮಧ್ಯಮ ಶ್ರುತಿಗೆ ಇಳಿದರೆ, ಅದು ಎರವಲಿನ ಮಾರ್ಚ್ ಆಗಿರುವುದಿಲ್ಲ.

2022ರಲ್ಲಿ ಸರ್ಕಾರ ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ ಎರಡೂವರೆ ನಿಮಿಷದ ಅವಧಿಯನ್ನೂ ಗೊತ್ತುಮಾಡಿತು. ಅಷ್ಟೇ ಆಸ್ಥೆಯಿಂದ ಕನ್ನಡದ ಹೊಸ ಮಾರ್ಚ್‌ಗಳನ್ನು ಬರೆಸುವ ಕೆಲಸವೂ ಆಗಬೇಕು. ಮೈಸೂರಿನ ಸಂಗೀತ ವಿಶ್ವವಿದ್ಯಾಲಯ ಬ್ಯಾಂಡ್ ಸಂಯೋಜನೆಯನ್ನು ಒಂದು ವಿಷಯವಾಗಿ ಕಲಿಸಲಿ. ಮದುವೆ ಬ್ಯಾಂಡಿನ ಹಿರಿಯರನ್ನು ಕರೆದು ಅವರ ನುಡಿಸಾಣಿಕೆಯನ್ನು ಧ್ವನಿಮುದ್ರಿಸಲಿ. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮದ್ರಾಸಿನಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿದ ಊರು. ಏಕೀಕರಣದ ನಡಿಗೆ ಎಂದರೇನೆಂದು ಅದಕ್ಕೆ ಗೊತ್ತಿದೆ. ಮೊದಲ ಮಾರ್ಚ್ ಇಲ್ಲಿಂದಲೇ ಹೊರಡಲಿ. ಮುಂದಿನ ರಾಜ್ಯೋತ್ಸವದ ಪಥಸಂಚಲನದಲ್ಲಿ ಪೊಲೀಸ್ ಬ್ಯಾಂಡಿನ ಹಿಂದೆ ಒಂದು ಸಾಲನ್ನು ತಾಶಾ ರಾಂಡೋಲಿನವರಿಗೆ ಬಿಟ್ಟುಕೊಡಿ ಎಂದು ಜಿಲ್ಲಾಡಳಿತವನ್ನು ಕೇಳಿಕೊಳ್ಳುತ್ತೇನೆ.