ಹನ್ನೊಂದನೆಯ ಕಿಟಕಿಯ ಗುಣದೋಷ

ಪುಸ್ತಕ, ನಾಟಕ, ಸಂಗೀತ ಇವುಗಳಿಗೆ ಮೀಸಲಾದ ವಿಮರ್ಶೆಯ ಪುಟದಲ್ಲಿ ಗಣಕಯಂತ್ರದ ಮಾತು ಬಂದಿದ್ದನ್ನು ಕಂಡು ವಾಚಕರು ಹುಬ್ಬೇರಿಸಬಹುದು. ಆದರೆ ಯೋಚಿಸಿ ನೋಡಿದರೆ ನಮ್ಮಲ್ಲಿ ಬಹುಮಂದಿ ವರ್ಷಕ್ಕೆ ಓದುವ ಪುಸ್ತಕ ನಾಲ್ಕೋ ಐದೋ, ನೋಡುವ ನಾಟಕ ಒಂದೋ ಎರಡೋ. ಗಣಕಯಂತ್ರದ ಪರದೆಯನ್ನಾದರೋ ದಿನಕ್ಕೆ ಏಳೆಂಟು ಗಂಟೆ ದಿಟ್ಟಿಸುತ್ತೇವೆ. ಇಷ್ಟು ಹೊತ್ತು ಕಣ್ಣಮುಂದೆ ಇರುವ ವಸ್ತುವಿನ ಬಗ್ಗೆ ಸಿಗುವುದು ಎರಡೇ ಮಾತು: ಮಾರುವವರ ಹೊಗಳಿಕೆ, ಕೊಂಡವರ ಗೊಣಗಾಟ. ಇವೆರಡರ ನಡುವೆ ನಿಂತು ಗುಣವನ್ನು ಗುಣವೆಂದೂ ದೋಷವನ್ನು ದೋಷವೆಂದೂ ಹೇಳುವ ಪ್ರಯತ್ನ ಈ ಬರಹ.

ನಮ್ಮ ಸದಸ್ಯರ ಮನೆಗಳಲ್ಲಿ ಬಹುಕಾಲ ಬಾಳಿದ ವಿಂಡೋಸ್ 10 ಎಂಬ ಆಪರೇಟಿಂಗ್ ಸಿಸ್ಟಮ್ 2015ರ ಜುಲೈ 29ರಂದು ಹೊರಬಂದು, 2025ರ ಅಕ್ಟೋಬರ್ 14ರಂದು ನಿವೃತ್ತವಾಯಿತು. ನಿವೃತ್ತಿ ಎಂದರೆ ಯಂತ್ರ ಅಂದೇ ನಿಂತುಹೋಯಿತು ಎಂದಲ್ಲ. ಕಳ್ಳಗಿಂಡಿಗಳು ಕಂಡಾಗ ತಿಂಗಳು ತಿಂಗಳಿಗೆ ಬರುತ್ತಿದ್ದ ತೇಪೆಗಳು ನಿಂತುವು, ಅಷ್ಟೆ. ಇದರ ಸ್ಥಾನಕ್ಕೆಂದು ವಿಂಡೋಸ್ 11 ಎಂಬುದು 2021ರ ಅಕ್ಟೋಬರ್ 5ರಿಂದಲೇ ಕಾದು ಕುಳಿತಿತ್ತು. ಹತ್ತರಿಂದ ಹನ್ನೊಂದಕ್ಕೆ ಏರುವುದನ್ನು 'ಮೇಲ್ದರ್ಜೆಗೆ ಏರಿಸುವುದು' ಎನ್ನುತ್ತಾರೆ. ಸರ್ಕಾರಿ ನೌಕರರಾದ ನಮಗೆ ಈ ಮಾತು ಬಹಳ ಪರಿಚಿತ. ದರ್ಜೆ ಏರಿದ ಮೇಲೆ ಕೆಲಸ ಸುಲಭವಾಯಿತೇ ಎಂಬುದು ಬೇರೆ ಪ್ರಶ್ನೆ.

ಹಾಗಾದರೆ ಯಾವ ಅಳತೆಗೋಲಿನಿಂದ ಇದನ್ನು ಅಳೆಯಬೇಕು? ಕಚೇರಿಯಲ್ಲಿ ಒಬ್ಬರು ವರ್ಗವಾಗಿ ಇನ್ನೊಬ್ಬರು ಬಂದಾಗ ಚಾರ್ಜ್ ಪಟ್ಟಿ ಎಂಬುದೊಂದು ತಯಾರಾಗುತ್ತದೆ. ಫೈಲು ಇಷ್ಟು, ರಿಜಿಸ್ಟರು ಇಷ್ಟು, ಬೀರುವಿನ ಬೀಗದ ಕೈ ಇಷ್ಟು ಎಂದು ಬರೆದು, ಕೊಟ್ಟವರೂ ಪಡೆದವರೂ ರುಜು ಹಾಕುತ್ತಾರೆ. ಹೊಸಬರು ಎಷ್ಟು ಜಾಣರು ಎಂಬುದು ಆಮೇಲಿನ ಮಾತು. ಹಳಬರು ಇಟ್ಟುಹೋದದ್ದನ್ನೆಲ್ಲ ಸರಿಯಾಗಿ ವಹಿಸಿಕೊಂಡರೇ ಎಂಬುದು ಮೊದಲ ಮಾತು. ಗಣಕಯಂತ್ರದ ಹೊಸ ವ್ಯವಸ್ಥೆಯನ್ನೂ ಇದೇ ಮಾತಿನಿಂದ ಪರೀಕ್ಷಿಸಬೇಕು ಎಂಬುದು ನಮ್ಮ ನಮ್ರ ಅಭಿಪ್ರಾಯ.

ಮೊದಲು ಗುಣಗಳನ್ನೇ ಹೇಳೋಣ. ಕನ್ನಡದ ಮಟ್ಟಿಗೆ ಹನ್ನೊಂದನೆಯ ಕಿಟಕಿ ಕತ್ತಲೆಯ ಕಿಟಕಿಯಲ್ಲ. ನಿರ್ಮಲಾ ಎಂಬ ಅಕ್ಷರಗುಚ್ಛ ಒಳಗೇ ಇರುವುದರಿಂದ ಒತ್ತಕ್ಷರಗಳು ಪರದೆಯ ಮೇಲೆ ಒಡೆಯದೆ ಮೂಡುತ್ತವೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ಸೇರಿಸಿಕೊಂಡರೆ ಕೀಲಿಮಣೆ ಸಿದ್ಧ. ವಿಂಡೋಸ್ ಗುರುತಿನ ಕೀಲಿಯನ್ನು ಹಿಡಿದು ಖಾಲಿಪಟ್ಟಿಯನ್ನು ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಹಾರಬಹುದು. ಇನ್‌ಸ್ಕ್ರಿಪ್ಟ್ ವಿನ್ಯಾಸ ಕಲಿಯದವರಿಗಾಗಿ, ಇಂಗ್ಲಿಷ್ ಉಚ್ಚಾರಣೆಯಂತೆ ಕುಟ್ಟಿದರೆ ಕನ್ನಡ ಮೂಡುವ ಫೊನೆಟಿಕ್ ಕೀಲಿಮಣೆಯೂ ಉಂಟು. ಇದು 2019ರಲ್ಲಿ ವಿಂಡೋಸ್ 10ಕ್ಕೆ ಬಂದದ್ದು, ಹೊಸದಕ್ಕೂ ಸಂದಿದೆ. ಬೆರಳಚ್ಚು ಯಂತ್ರದ ಮುಂದೆ ಕಾರ್ಬನ್ ಕಾಗದ ಜೋಡಿಸುತ್ತಿದ್ದ ಪೀಳಿಗೆಯ ಹಿರಿಯರಿಗೆ ಇದೆಲ್ಲ ಸಣ್ಣ ಪವಾಡವಲ್ಲ.

ಇನ್ನು ದೋಷಗಳು. ಬಾಗಿಲಲ್ಲೇ ಮೊದಲ ತಕರಾರು. ಹೊಸ ವ್ಯವಸ್ಥೆ ಯಂತ್ರದ ಜಾತಕ ಕೇಳುತ್ತದೆ. ಗುಪ್ತ ಕೀಲಿಗಳನ್ನು ಕಾಪಾಡುವ ಟಿಪಿಎಂ 2.0 ಎಂಬ ಏರ್ಪಾಡು ಬೇಕು. ಇಂಟೆಲ್ ಸಂಸ್ಕಾರಕವಾದರೆ, ಒಂದೆರಡು ಅಪವಾದ ಬಿಟ್ಟು, 2017ರಲ್ಲಿ ಆರಂಭವಾದ ಎಂಟನೆಯ ಪೀಳಿಗೆಯದೋ ಅದರ ನಂತರದ್ದೋ ಆಗಿರಬೇಕು. 2016ರಲ್ಲಿ ಸಾಲ ಮಾಡಿ ಕೊಂಡ, ಇಂದಿಗೂ ಕೆಮ್ಮದೆ ಓಡುವ ಯಂತ್ರಕ್ಕೆ ಪ್ರವೇಶವಿಲ್ಲ. ಭದ್ರತೆಗಾಗಿ ಎನ್ನುತ್ತಾರೆ, ಆ ಕಾರಣ ಸುಳ್ಳಲ್ಲ. ಆದರೆ ಆರೋಗ್ಯವಾಗಿರುವವರನ್ನು ವಯಸ್ಸು ನೋಡಿ ಮನೆಗೆ ಕಳುಹಿಸಿದಂತೆ ಆಯಿತಲ್ಲ ಎಂಬ ಸಂಕಟವೂ ಸುಳ್ಳಲ್ಲ.

ಎರಡನೆಯದು, ಹೊಸ ಸೊಸೆ ಅಡಿಗೆಮನೆಯ ಡಬ್ಬಿಗಳನ್ನೆಲ್ಲ ಸ್ಥಳ ಬದಲಿಸಿದಂಥ ಕೆಲಸ. ಎಡ ಮೂಲೆಯಲ್ಲಿದ್ದ ಸ್ಟಾರ್ಟ್ ಗುಂಡಿ ನಡುವಿಗೆ ಬಂದಿದೆ. ಇಪ್ಪತ್ತು ವರ್ಷ ಎಡಕ್ಕೆ ಓಡಿದ ಕೈ ಈಗಲೂ ಎಡಕ್ಕೇ ಓಡುತ್ತದೆ. ಮೌಸಿನ ಬಲಗುಂಡಿ ಒತ್ತಿದರೆ ಬರುತ್ತಿದ್ದ ಉದ್ದನೆಯ ಪಟ್ಟಿಯನ್ನು ಮೊಟಕು ಮಾಡಿ, ಉಳಿದದ್ದನ್ನು ಇನ್ನೊಂದು ಪರದೆಯ ಹಿಂದೆ ಇಟ್ಟಿದ್ದಾರೆ. ನಕಲು ಮಾಡು, ಕತ್ತರಿಸು ಎಂಬ ಮಾತುಗಳು ಮಾಯವಾಗಿ ಸಣ್ಣ ಚಿತ್ರಗಳಾದುವು. ಆಮೇಲಿನ ಪರಿಷ್ಕರಣೆಯಲ್ಲಿ ಆ ಚಿತ್ರಗಳ ಕೆಳಗೆ ಹೆಸರುಗಳನ್ನು ಬರೆದರು. ಜನ ಗೊಣಗಿದರೆ ಕೇಳುವವರು ಇದ್ದಾರೆ ಎಂಬುದಕ್ಕೆ ಇದೊಂದು ಸಾಕ್ಷಿ.

ಮೂರನೆಯದು ಸ್ವಲ್ಪ ಗಂಭೀರ. ಮನೆಬಳಕೆಯ ಆವೃತ್ತಿಯನ್ನು ಹೊಸದಾಗಿ ಅಣಿಗೊಳಿಸುವಾಗ ಅಂತರ್ಜಾಲವೂ ಮೈಕ್ರೊಸಾಫ್ಟಿನ ಖಾತೆಯೂ ಬೇಕೆಂಬ ನಿಯಮ. ಖಾತೆಯ ಜೊತೆಗೇ ಒನ್‌ಡ್ರೈವ್ ಎಂಬ ದೂರದ ಉಗ್ರಾಣ ಬರುತ್ತದೆ. ಪುಕ್ಕಟೆ ಕೊಡುವ ಜಾಗ ಐದು ಜಿಬಿ. ನಮ್ಮ ಮೇಜಿನ ಮೇಲಿನ ಕಾಗದಗಳು ಅತ್ತ ಹೋದುವೋ ಇತ್ತ ಉಳಿದುವೋ ತಿಳಿಯದ ಸ್ಥಿತಿಯಲ್ಲಿ, ಅಲ್ಲಿ ಅಳಿಸಿದರೆ ಇಲ್ಲಿಯೂ ಅಳಿಯುತ್ತದೆ ಎಂಬುದು ಎಷ್ಟು ಜನಕ್ಕೆ ಗೊತ್ತು? ಚಾರ್ಜ್ ಪಟ್ಟಿಗೆ ರುಜು ಹಾಕುವ ಮೊದಲೇ ಬೀರುವನ್ನು ಬೇರೆ ಕಟ್ಟಡಕ್ಕೆ ಸಾಗಿಸಿದಂತೆ ಇದು.

ಇಷ್ಟು ಹೇಳಿ ಮುಗಿಸಿದ್ದರೆ ಇದು ಇನ್ನೊಂದು ಗೊಣಗಾಟವೇ ಆಗುತ್ತಿತ್ತು. ಆದರೆ ಈಚೆಗೆ ಆದ ಒಂದು ಅನುಭವ ನಮ್ಮ ಬೆರಳನ್ನು ನಮ್ಮ ಕಡೆಗೇ ತಿರುಗಿಸಿತು.

ಸಂಘದ ಹಿರಿಯ ಸದಸ್ಯರೊಬ್ಬರು, ಈಗ ಕಾಲವಾದವರು, ಸುಮಾರು ಇಪ್ಪತ್ತು ವರ್ಷದ ಕೆಳಗೆ ಈ ಪತ್ರಿಕೆಗೆ ಬರೆದ ಲೇಖನವನ್ನು ಮತ್ತೆ ಅಚ್ಚು ಮಾಡಬೇಕೆಂದು ನಿಶ್ಚಯವಾಯಿತು. ಅಚ್ಚಾದ ಸಂಚಿಕೆ ಸಿಗಲಿಲ್ಲ; ಬೆರಳಚ್ಚು ಮಾಡಿದ ಕಡತ ಮಾತ್ರ ಸಿಕ್ಕಿತು. ಹೊಸ ಯಂತ್ರದಲ್ಲಿ ತೆರೆದೆವು. ಒಂದಕ್ಷರ ಕನ್ನಡವಿಲ್ಲ! ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಗೀಟು ಹೊತ್ತ ಅಕ್ಷರಗಳು, ನಾಣ್ಯದ ಗುರುತುಗಳು, ಎಲ್ಲ ಕಲಸಿದ ಚಿತ್ರಾನ್ನ. ಅವರ ಮಗಳು ಪಕ್ಕದಲ್ಲೇ ನಿಂತಿದ್ದರು. "ಇದು ಅಪ್ಪ ಬರೆದದ್ದೇನಾ ಸಾರ್?" ಎಂದು ಕೇಳಿದರು. ನಾವು ಕೂಡಲೆ ಹೊಸ ವ್ಯವಸ್ಥೆಯನ್ನು ಬೈದೆವು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ನಿಜಸಂಗತಿ ಬೇರೆ. ಕಡತ ಹಾಳಾಗಿರಲಿಲ್ಲ, ಅದರೊಳಗೆ ಮೊದಲಿನಿಂದಲೂ ಇದ್ದದ್ದು ಅಷ್ಟೇ. ಹಿಂದೆ ಗಣಕಯಂತ್ರಕ್ಕೆ ಕನ್ನಡ ಬಾರದಿದ್ದ ಕಾಲದಲ್ಲಿ ನಮ್ಮವರು ಒಂದು ಜಾಣ ಉಪಾಯ ಹೂಡಿದ್ದರು. ಯಂತ್ರಕ್ಕೆ ಇಂಗ್ಲಿಷ್ ಅಕ್ಷರವೆಂದು ಹೇಳಿ, ಆ ಅಕ್ಷರದ ಚಿತ್ರದ ಜಾಗದಲ್ಲಿ ಕನ್ನಡದ ತುಂಡೊಂದನ್ನು ಬರೆದಿಡುವುದು. ಹಳೆಯ ನುಡಿ ಅಕ್ಷರಗಳಲ್ಲಿ 'ಕನ್ನಡ' ಎಂದು ಬರೆದು, ಆ ಅಕ್ಷರಗುಚ್ಛ ಇಲ್ಲದ ಯಂತ್ರದಲ್ಲಿ ನೋಡಿರಿ: 'ಕ' ಇದ್ದಲ್ಲಿ ಇಂಗ್ಲಿಷಿನ ಪಿ ಮತ್ತು ಗೀಟು ಹೊತ್ತ ಎ, 'ಡ' ಇದ್ದಲ್ಲಿ ಕ್ಯೂ ಮತ್ತು ಅದೇ ಎ, ನಡುವಿನ 'ನ' ಇದ್ದಲ್ಲಿ ಬ್ರಿಟಿಷರ ಪೌಂಡಿನ ಗುರುತು! ಕನ್ನಡದ ಹೊಟ್ಟೆಯಲ್ಲಿ ಪೌಂಡು ಕುಳಿತಿರುವುದು ನಮಗೆ ಇಷ್ಟು ವರ್ಷ ತಿಳಿಯಲಿಲ್ಲ, ಏಕೆಂದರೆ ಮೇಲಿನ ವೇಷ ಅಷ್ಟು ಚೆನ್ನಾಗಿತ್ತು. ಹಳೆಯ ಯಂತ್ರ ಹೋದಾಗ ವೇಷದ ಪೆಟ್ಟಿಗೆಯೂ ಹೋಯಿತು.

ಉಪಾಯ ಹೂಡಿದವರನ್ನು ದೂರುವುದು ಸಲ್ಲದು. 1998ರಲ್ಲಿ ಬಂದ ಬರಹ, ಅದರ ಬೆನ್ನಿಗೇ ಕನ್ನಡ ಗಣಕ ಪರಿಷತ್ತಿನಿಂದ ಬಂದ ನುಡಿ, ಕೆ.ಪಿ. ರಾಯರು ಹಾಕಿಕೊಟ್ಟ ಕೀಲಿಮಣೆಯ ವಿನ್ಯಾಸ ಇವಿಲ್ಲದಿದ್ದರೆ ಹೊರನಾಡಿನ ನಮ್ಮಂಥ ಸಂಘಗಳ ಪತ್ರಿಕೆಗಳು ಎಂದೋ ಕಣ್ಣು ಮುಚ್ಚುತ್ತಿದ್ದುವು. ಆದರೆ ಜಗತ್ತಿನ ಎಲ್ಲ ಲಿಪಿಗಳಿಗೂ ಸ್ವಂತ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ದೊರೆತಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಅಕ್ಷರಗುಚ್ಛದೊಡನೆ ಅದು ಮನೆಗೂ ಬಂತು. ಅಲ್ಲಿ 'ಕ' ಎಂದರೆ ಎಂದೆಂದಿಗೂ 'ಕ'. ಯಾವ ವೇಷವೂ ಬೇಡ. ಬರಹವೂ ನುಡಿಯೂ ಆಮೇಲೆ ಯೂನಿಕೋಡ್‌ಗೆ ಬಾಗಿಲು ತೆರೆದುವು. ನಾವು ಮಾತ್ರ ಹಳೆಯ ದಾರಿಯನ್ನು ಬಿಡಲಿಲ್ಲ. ಪುಟ ಕಟ್ಟುವ ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಹಿಡಿಸುವುದಿಲ್ಲ ಎಂಬ ನೆಪ ಒಂದು. ಹೇಗೂ ನಡೆಯುತ್ತಿದೆಯಲ್ಲ ಎಂಬ ಸೋಮಾರಿತನ ಇನ್ನೊಂದು. ನೆಪ ಅಂದಿಗೆ ನಿಜ, ಸೋಮಾರಿತನ ಎಂದಿಗೂ ನಿಜ.

ಕೊನೆಗೆ ಬೇರೊಬ್ಬ ಸದಸ್ಯರ ಮನೆಯ ಹಳೆಯ ಯಂತ್ರದಲ್ಲಿ ಅದೇ ಅಕ್ಷರಗುಚ್ಛ ಸಿಕ್ಕಿತು. ಲೇಖನಕ್ಕೆ ಜೀವ ಬಂತು. ಅದನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಿಸಿದೆವು. ಪರಿವರ್ತಕ ನಿಮಿಷದಲ್ಲಿ ಕೆಲಸ ಮುಗಿಸಿತು. ಕರಡು ತಿದ್ದಲು ನಮಗೆ ಎರಡು ಭಾನುವಾರ ಬೇಕಾದುವು. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತು ವ್ಯಂಜನದ ನಂತರ ಕೂರುತ್ತದೆ, ಹೊಸದರಲ್ಲಿ 'ರ್' ಮುಂಚೆಯೇ ಬರಬೇಕು. ಅದನ್ನು ಎತ್ತಿ ಮುಂದಿಡುವಾಗ ಅಲ್ಲಲ್ಲಿ ಎಡವಿತ್ತು. ಲೇಖಕರು ನಡುನಡುವೆ ಬಳಸಿದ್ದ ಇಂಗ್ಲಿಷ್ ಹೆಸರುಗಳನ್ನೂ ಕನ್ನಡದ ವೇಷವೆಂದೇ ತಿಳಿದು, ಅರ್ಥವಿಲ್ಲದ ಅಕ್ಷರಗಳಾಗಿ ಮಾಡಿತ್ತು. ಆದರೂ ತಿದ್ದಿ ಮುಗಿಸಿದ ಮೇಲೆ ಮಗಳು ಅಪ್ಪನ ಹೆಸರನ್ನು ಹುಡುಕುವ ಪೆಟ್ಟಿಗೆಯಲ್ಲಿ ಕುಟ್ಟಿದರು. ಯಂತ್ರ ತಟ್ಟನೆ ಹುಡುಕಿ ತೋರಿಸಿತು. ಹಳೆಯ ಕಡತದಲ್ಲಿ ಇದು ಆಗದ ಮಾತು, ಏಕೆಂದರೆ ಅಲ್ಲಿ ಆ ಹೆಸರೇ ಇರಲಿಲ್ಲ.

ಇದರಿಂದ ನಾವು ಕಲಿತ ಪಾಠಗಳನ್ನು ವಾಚಕರ ಉಪಯೋಗಕ್ಕಾಗಿ ಇಲ್ಲಿ ಹೇಳುವುದು ಉಚಿತ.

ಹಳೆಯ ಯಂತ್ರವನ್ನು ಕೈಬಿಡುವ ಮೊದಲೇ ಚಾರ್ಜ್ ಪಟ್ಟಿ ಬರೆಯಿರಿ: ಯಾವ ಕಡತ, ಯಾವ ಅಕ್ಷರಗುಚ್ಛದಲ್ಲಿ ಇದೆ ಎಂದು. ಆ ಅಕ್ಷರಗುಚ್ಛದ ಕಡತವನ್ನೂ ಲೇಖನದ ಜೊತೆಗೇ ಬೇರೊಂದು ಡಿಸ್ಕಿನಲ್ಲಿ ನಕಲು ಮಾಡಿಡಿ. ಹಳೆಯ ಯಂತ್ರದಿಂದಲೇ ಪ್ರತಿಯೊಂದರ ಪಿಡಿಎಫ್ ಪ್ರತಿ ತೆಗೆಯಿರಿ. ಅಕ್ಷರಗಳನ್ನು ಅದು ಒಳಗೇ ಹೊತ್ತುಕೊಂಡಿರುವುದರಿಂದ ಎಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುತ್ತದೆ, ಕರಡು ತಿದ್ದಲು ಮೂಲಪ್ರತಿಯಾಗುತ್ತದೆ. ಆದರೆ ಪಿಡಿಎಫ್ ಇದೆಯೆಂದು ಮೈಮರೆಯಬೇಡಿ. ಅದರಿಂದ ಸಾಲೊಂದನ್ನು ನಕಲು ಮಾಡಿದರೆ ಮತ್ತೆ ಅದೇ ಪೌಂಡಿನ ಚಿತ್ರಾನ್ನ.

ಹಳೆಯ ಯಂತ್ರದ ಮೇಲೆಯೇ ಹೊಸ ವ್ಯವಸ್ಥೆಯನ್ನು ಹಾಕಿಕೊಂಡವರಿಗೆ ಮನಸ್ಸು ಒಪ್ಪದಿದ್ದರೆ ಹತ್ತು ದಿನಗಳೊಳಗೆ ಹಿಂದಿನದಕ್ಕೆ ಮರಳುವ ಅವಕಾಶ ಉಂಟು. ಆದ್ದರಿಂದ ಮುದ್ರಣಯಂತ್ರ, ಸ್ಕ್ಯಾನರು, ಹಳೆಯ ಕಡತ ಎಲ್ಲವನ್ನೂ ಆ ಹತ್ತು ದಿನದಲ್ಲೇ ಪರೀಕ್ಷಿಸಿ ನೋಡಿ. ಕೈ ಎಡಕ್ಕೇ ಓಡುವವರು ಟಾಸ್ಕ್‌ಬಾರಿನ ಸೆಟ್ಟಿಂಗಿನಲ್ಲಿ ಸ್ಟಾರ್ಟ್ ಗುಂಡಿಯನ್ನು ಎಡಕ್ಕೆ ಒಯ್ಯಬಹುದು. ಶಿಫ್ಟ್ ಕೀಲಿ ಹಿಡಿದು ಬಲಗುಂಡಿ ಒತ್ತಿದರೆ ಹಳೆಯ ಉದ್ದನೆಯ ಪಟ್ಟಿ ಬರುತ್ತದೆ. ತುಂಗಾ ಅಕ್ಷರ ಕಾಣದಿದ್ದರೆ ಗಾಬರಿ ಬೇಡ. ಐಚ್ಛಿಕ ಸೌಲಭ್ಯಗಳ ಪಟ್ಟಿಯಲ್ಲಿ ಕನ್ನಡದ ಪೂರಕ ಅಕ್ಷರಗಳೆಂದು ಸಿಗುತ್ತದೆ. ಡಿಸ್ಕಿಗೆ ಗೂಢಲಿಪಿಯ ಬೀಗ ಬಿದ್ದಿದ್ದರೆ ಅದರ 48 ಅಂಕಿಗಳ ಕೀಲಿಯನ್ನು ಕಾಗದದ ಮೇಲೆ ಬರೆದು ಮನೆಪತ್ರಗಳ ಜೊತೆ ಇಡಿ. ಯಂತ್ರ ಆ ಕೀಲಿಯನ್ನು ಕೇಳಿದಾಗ ಅದು ಎಲ್ಲಿಯೂ ಸಿಗದಿದ್ದರೆ ಬೀಗವನ್ನು ಹಾಕಿದವರಿಂದಲೂ ತೆಗೆಯಲಾಗದು.

ತೀರ್ಪು ಹೇಳಬೇಕಲ್ಲ. ವಿಂಡೋಸ್ 11 ಕನ್ನಡ ಬಲ್ಲ, ಭದ್ರತೆಯಲ್ಲಿ ಬಿಗಿಯಾದ, ಆದರೆ ಮನೆಯ ಯಜಮಾನರನ್ನು ಕೇಳದೆ ಮಂಚ ಸರಿಸುವ ಒಕ್ಕಲು. ಅದರ ಸೊಕ್ಕಿಗೆ ಅಂಕ ಕಳೆಯಲೇಬೇಕು. ಆದರೆ ನಮ್ಮ ಹಿರಿಯರ ಬರಹ ಹೊಸ ಮನೆಗೆ ಬರಲಾರದೆ ಬಾಗಿಲಲ್ಲಿ ನಿಂತದ್ದಕ್ಕೆ ಅದು ಹೊಣೆಯಲ್ಲ. ಆ ಪಟ್ಟಿಗೆ ರುಜು ಹಾಕಬೇಕಾದವರು ನಾವು.

ಹನ್ನೊಂದರ ನಂತರ ಹನ್ನೆರಡು ಬಂದೇ ಬರುತ್ತದೆ, ಹೆಸರು ಯಾವುದಾದರೂ ಆಗಲಿ. ಅದು ಬರುವ ಮೊದಲು ಪ್ರತಿ ಸದಸ್ಯರೂ ತಮ್ಮ ಮನೆಯ ಹಳೆಯ ಡಿಸ್ಕು, ಸಿಡಿಗಳನ್ನು ಒಮ್ಮೆ ತೆರೆದು ನೋಡಿ, ಸಂಘದ ಹಳೆಯ ಸಂಚಿಕೆಗಳ ಕಡತವೇನಾದರೂ ಇದ್ದರೆ ತಂದುಕೊಡಬೇಕಾಗಿ ವಿನಂತಿ. ಕರಡು ತಿದ್ದಲು ಭಾನುವಾರಗಳು ನಮ್ಮ ಬಳಿ ಇನ್ನೂ ಇವೆ.