ರಡಾರಿಗಿಂತ ಮೊದಲು ಕ್ಲಚ್ಚು

ಅಮೆರಿಕದ ಮೋಟಾರ್‌ಸೈಕಲ್ ಉದ್ಯಮ ಮಂಡಳಿಯ 2018ರ ಸಮೀಕ್ಷೆಯಲ್ಲಿ ಬೈಕ್ ಮಾಲೀಕರ ವಯಸ್ಸಿನ ಮಧ್ಯಾಂಕ 50ಕ್ಕೆ ಬಂದಿತ್ತು. 1990ರಲ್ಲಿ ಅದು 32 ಇತ್ತು. ಹಳೆಯ ಸವಾರರಿಗೆ ವಯಸ್ಸಾಗುತ್ತಿದೆ, ಅವರ ಜಾಗ ತುಂಬುವಷ್ಟು ಹೊಸಬರು ಬರುತ್ತಿಲ್ಲ ಎಂಬುದು ಅದರ ತಾತ್ಪರ್ಯ. ದೊಡ್ಡ ಬೈಕುಗಳ ತಯಾರಕರು ಇದಕ್ಕೆ ಕಂಡುಕೊಂಡ ಉತ್ತರಗಳಲ್ಲಿ ಎಲೆಕ್ಟ್ರಾನಿಕ್ಸ್ ಮುಖ್ಯವಾದದ್ದು. 2020ರ ಕೊನೆಗೆ ಡುಕಾಟಿ ಮಲ್ಟಿಸ್ಟ್ರಾಡಾ ವಿ4 ಹಿಂದೊಂದು ಮುಂದೊಂದು ರಡಾರ್ ಹೊತ್ತು ಬಂತು. ಮರುವರ್ಷ ಬಿಎಂಡಬ್ಲ್ಯು, ಕೆಟಿಎಂ ಕೂಡ ಮುಂದಿನ ವಾಹನದ ಅಂತರ ನೋಡಿ ವೇಗ ಹೊಂದಿಸುವ ರಡಾರಿನ ಕ್ರೂಸ್ ಕಂಟ್ರೋಲ್ ತಂದವು. ಹಾರ್ಲೆಯ ಪ್ಯಾನ್ ಅಮೆರಿಕ ನಿಲ್ಲುವ ಹೊತ್ತಿಗೆ ತಾನೇ ತಗ್ಗತೊಡಗಿತು. ಹೋಂಡಾ ಇ-ಕ್ಲಚ್ ಮಾಡಿದರೆ ಯಮಹಾ ಕ್ಲಚ್ಚಿನ ಹಿಡಿಯನ್ನೇ ತೆಗೆದುಹಾಕಿತು. ಇವೆಲ್ಲದರ ಹಿಂದಿರುವ ಮಾತು ಒಂದೇ: ಭಯ ಕಡಿಮೆಯಾದರೆ ಹೊಸಬರು ಬರುತ್ತಾರೆ, ಹಿರಿಯರು ಬೈಕ್ ಬಿಡುವುದಿಲ್ಲ.

ಈ ಮಾತು ಅರ್ಧ ನಿಜ ಎಂಬುದು ನನ್ನ ಅಭಿಪ್ರಾಯ. ಈ ಸಾಧನಗಳಲ್ಲಿ ಎರಡು ಬಗೆಯಿವೆ. ಒಂದು ಕೈಕಾಲಿನ ಶ್ರಮ ಇಳಿಸುವಂಥದ್ದು, ಇನ್ನೊಂದು ಕಾವಲು ಕಾಯುವಂಥದ್ದು. ಸವಾರರನ್ನು ರಸ್ತೆಗೆ ಕರೆತರುವುದು ಮೊದಲನೆಯದು. ಬಂದವರ ಜೀವ ಉಳಿಸುವುದು ಎರಡನೆಯದು. ಜಾಹೀರಾತುಗಳು ಎರಡನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿ ಮಾರುವುದರಿಂದ ಯಾವುದರ ಬೆಲೆ ಎಷ್ಟು ಎಂದು ಕೊಳ್ಳುವವರಿಗೆ ತಿಳಿಯುವುದಿಲ್ಲ.

ಮೊದಲ ಬಗೆಯ ಶಕ್ತಿಗೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. 1984ರಲ್ಲಿ ಕೈನೆಟಿಕ್ ಹೋಂಡಾ ಭಾರತಕ್ಕೆ ಬಂದಾಗ ಸ್ಕೂಟರ್ ಎಂದರೆ ಕಿಕ್ ಹೊಡೆಯಬೇಕು, ಎಡಗೈ ತಿರುಚಿ ಗೇರು ಹಾಕಬೇಕು, ಸ್ಟಾರ್ಟ್ ಆಗದಿದ್ದರೆ ವಾಲಿಸಿ ಮತ್ತೆ ಒದೆಯಬೇಕು. ಕೈನೆಟಿಕ್ ಹೋಂಡಾಗೆ ಗೇರಿರಲಿಲ್ಲ, ಗುಂಡಿ ಒತ್ತಿದರೆ ಎಂಜಿನ್ ಎದ್ದೇಳುತ್ತಿತ್ತು. ಆಮೇಲೆ ಸ್ಕೂಟಿ, 2001ರಲ್ಲಿ ಆಕ್ಟಿವಾ ಬಂದವು. ಕಾಲೇಜಿಗೆ ಹೋಗುವ ಹುಡುಗಿಯರು, ಶಾಲೆಯ ಶಿಕ್ಷಕಿಯರು, ಮಂಡಿನೋವಿನ ನಿವೃತ್ತರು ರಸ್ತೆಗಿಳಿದದ್ದು ಇಂಥ ಗಾಡಿಗಳ ಮೇಲೆ. ಅದಕ್ಕೂ ಹಿಂದೆ, 1961ರಲ್ಲಿ ಮೈಸೂರಿನಲ್ಲಿ ಶುರುವಾದ ಐಡಿಯಲ್ ಜಾವಾ ಕಾರ್ಖಾನೆಯ ಬೈಕುಗಳಲ್ಲಿ ಗೇರಿನ ಪೆಡಲ್ ಒತ್ತಿದರೆ ಕ್ಲಚ್ ತಾನಾಗಿ ಬಿಡುತ್ತಿತ್ತು. ಗೇರು ಬದಲಿಸಲು ಹಿಡಿ ಎಳೆಯಲೇಬೇಕೆಂದಿರಲಿಲ್ಲ. ಎಡಗೈಗೆ ವಿರಾಮ ಕೊಡುವ ಆಲೋಚನೆ ಆಗಲೇ ಇತ್ತು, ಅದಕ್ಕೆ ಕಂಪ್ಯೂಟರ್ ಬೇಕಾಗಿರಲಿಲ್ಲ.

ಕ್ಲಚ್ಚಿಗೆ ನಾನು ಇಷ್ಟು ಮಹತ್ವ ಕೊಡುವುದಕ್ಕೆ ಕಾರಣವಿದೆ. ಬೆಂಗಳೂರಿನ ಸಂಜೆ ಟ್ರಾಫಿಕ್‌ನಲ್ಲಿ ಫ್ಲೈಓವರ್ ಏರಿನಲ್ಲಿ ನಿಂತ ಬೈಕನ್ನು ಗಮನಿಸಿ. ಎಡಗಾಲು ನೆಲಕ್ಕೆ ಊರಿದೆ, ಬಲಗಾಲು ಹಿಂಬ್ರೇಕ್ ಒತ್ತಿದೆ, ಎಡಗೈ ಕ್ಲಚ್ ಹಿಡಿದಿದೆ. ಮುಂದಿನ ಕಾರು ಎರಡು ಮಾರು ಸರಿದರೆ ಕ್ಲಚ್ಚನ್ನು ಮೆಲ್ಲಗೆ ಬಿಡುತ್ತ, ಆಕ್ಸಿಲರೇಟರ್ ತಿರುಗಿಸುತ್ತ, ಬ್ರೇಕ್ ಸಡಿಲಿಸಬೇಕು. ಮೂರೂ ಒಟ್ಟಿಗೆ ಆಗಬೇಕು. ಹೊಸಬರ ಎಂಜಿನ್ ಆಫ್ ಆಗುವುದು ಇಲ್ಲೇ, ಹಿಂದಿನವರು ಹಾರ್ನ್ ಹೊಡೆಯುವುದೂ ಇಲ್ಲೇ. ಸಂಧಿವಾತವಿರುವ ಅರವತ್ತರ ಮಣಿಕಟ್ಟು ಸೋಲುವುದೂ ಇಲ್ಲೇ. ಇನ್ನು ಬೈಕ್ ಬೇಡ ಎಂಬ ತೀರ್ಮಾನಕ್ಕೆ ಬಹಳ ಸಲ ಇಷ್ಟು ಸಾಕಾಗುತ್ತದೆ.

ಹೋಂಡಾದ ಇ-ಕ್ಲಚ್ ಈ ಕಷ್ಟಕ್ಕೆ ನೇರ ಪರಿಹಾರ. ಎಂಜಿನ್ನಿನ ಪಕ್ಕದಲ್ಲಿ ಕೂತ ಎರಡು ಪುಟ್ಟ ಮೋಟಾರುಗಳು ಕ್ಲಚ್ಚನ್ನು ಹಿಡಿದು ಬಿಡುತ್ತವೆ. ಹೊರಡುವಾಗ, ನಿಲ್ಲುವಾಗ, ಗೇರು ಬದಲಿಸುವಾಗ ಹಿಡಿ ಮುಟ್ಟಬೇಕಿಲ್ಲ. ಮುಟ್ಟಿದರೆ ಅದು ಮಾಮೂಲಿ ಕ್ಲಚ್ಚಿನಂತೆಯೇ ಮಾತು ಕೇಳುತ್ತದೆ. ಗೇರು ಹಾಕುವುದು ಕಾಲಿನ ಕೆಲಸವಾಗಿಯೇ ಉಳಿದಿದೆ. ಯಮಹಾದ ವೈ-ಎಎಂಟಿಯಲ್ಲಿ ಹಿಡಿಯೂ ಇಲ್ಲ, ಪೆಡಲೂ ಇಲ್ಲ. ಗೇರನ್ನು ಬೆರಳಿನಿಂದ ಹಾಕಬಹುದು ಅಥವಾ ಗಾಡಿಗೇ ಬಿಡಬಹುದು. ಎರಡರಲ್ಲಿ ನನಗೆ ಹೋಂಡಾದ ದಾರಿಯೇ ಮೇಲು. ಕಲಿಯುವ ಬಾಗಿಲನ್ನು ಅದು ಮುಚ್ಚುವುದಿಲ್ಲ, ಹಳಬರ ಅಭ್ಯಾಸವನ್ನೂ ಕಸಿಯುವುದಿಲ್ಲ. ಆದರೆ ಭಾರತದಲ್ಲಿ ಅದು 2025ರಲ್ಲಿ ಕಾಣಿಸಿಕೊಂಡದ್ದು ಸುಮಾರು ಹತ್ತು ಲಕ್ಷ ರೂಪಾಯಿಯ 650 ಸಿಸಿ ಬೈಕುಗಳಲ್ಲಿ. ಅಂಥ ಬೈಕನ್ನು ಕೊಳ್ಳುವವರು ಕ್ಲಚ್ ಕಲಿತು ವರ್ಷಗಳೇ ಆಗಿರುತ್ತವೆ. ಅಮೆರಿಕದಲ್ಲಿ ಚಿಕ್ಕ ರೆಬೆಲ್ 300ಕ್ಕೂ ಹೋಂಡಾ ಇದನ್ನು ಕೊಟ್ಟಿದೆ. ಸರಿಯಾದ ದಿಕ್ಕು ಅದು.

ಹಿರಿಯರಿಗೆ ಎರಡನೆಯ ಕಷ್ಟ ಎತ್ತರ ಮತ್ತು ತೂಕದ್ದು. ಜಲ್ಲಿಯ ಮೇಲೆ ನಿಲ್ಲಿಸುವಾಗ ತುದಿಗಾಲು ಜಾರಿದರೆ 240 ಕಿಲೋ ಗಾಡಿಯನ್ನು ಯಾರೂ ಹಿಡಿದು ನಿಲ್ಲಿಸಲಾರರು. ಪ್ಯಾನ್ ಅಮೆರಿಕದ ಸಸ್ಪೆನ್ಷನ್ ನಿಲ್ಲುವ ಮುಂಚೆ ಒಂದೆರಡು ಅಂಗುಲ ತಗ್ಗಿ ಪಾದವನ್ನು ಪೂರ್ತಿ ನೆಲಕ್ಕೆ ತಾಗಿಸುತ್ತದೆ. ಸವಾರರ ನಿಜವಾದ ಅಳುಕನ್ನು ಅರಿತು ಮಾಡಿದ ಕೆಲಸವಿದು, ಮೆಚ್ಚಲೇಬೇಕು. ಆದರೂ ಗಾಡಿ ಅಷ್ಟು ಭಾರವಾಗಿ, ಎತ್ತರವಾಗಿ ಇರಲೇಬೇಕೇ ಎಂಬ ಪ್ರಶ್ನೆಯನ್ನು ಇದು ಮುಟ್ಟುವುದಿಲ್ಲ. ತಗ್ಗು ಸೀಟಿನ 150 ಕಿಲೋ ಬೈಕು ಅದೇ ಧೈರ್ಯವನ್ನು ಕಡಿಮೆ ಖರ್ಚಿನಲ್ಲಿ ಕೊಡುತ್ತದೆ.

ಕಾವಲಿನ ತಂತ್ರಜ್ಞಾನಕ್ಕೆ ಬೇರೆಯೇ ಅಳತೆಗೋಲು ಬೇಕು. ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ 1988ರಲ್ಲಿ ಬಿಎಂಡಬ್ಲ್ಯು ಕೆ100 ಬೈಕಿಗೆ ಬಂತು, 2011ರಲ್ಲಿ ಟಿವಿಎಸ್ ಅಪಾಚೆ ಆರ್‌ಟಿಆರ್ 180ರ ಮೂಲಕ ಭಾರತೀಯ ಕಂಪನಿಯ ಬೈಕಿಗೂ ಬಂತು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಬೈಕುಗಳಿಗೆ ಕಡ್ಡಾಯವಾಯಿತು. ಎಬಿಎಸ್ ಇರುವ ಬೈಕುಗಳಲ್ಲಿ ಸಾವಿನ ಅಪಘಾತದ ಪ್ರಮಾಣ ಶೇ. 22ರಷ್ಟು ಕಡಿಮೆ ಎಂದು ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ ಲೆಕ್ಕ ಹಾಕಿದೆ. ಎಬಿಎಸ್ ಇದೆ ಎಂಬ ಕಾರಣಕ್ಕೇ ಬೈಕ್ ಸವಾರಿಗೆ ಇಳಿದವರು ವಿರಳ. ಹಾಗೆಂದು ಅದರ ಮಹತ್ವ ತಗ್ಗುವುದಿಲ್ಲ. ಜೀವ ಉಳಿಸುವ ಸಾಧನವನ್ನು ಗಿರಾಕಿ ಸೆಳೆಯುವ ಸಾಮರ್ಥ್ಯದಿಂದ ಅಳೆದರೆ ಅದು ಸದಾ ದುಬಾರಿ ಮಾಡೆಲ್ಲಿನಲ್ಲೇ ಉಳಿಯುತ್ತದೆ. ಕಾನೂನು ಬಂದದ್ದರಿಂದಲೇ ಎಬಿಎಸ್ ಸಾಮಾನ್ಯ ಸವಾರನಿಗೆ ಸಿಕ್ಕಿತು.

ಎಬಿಎಸ್ ಕೂಡ ಕಲಿಸದೆ ಪೂರ್ತಿ ಫಲ ಕೊಡದು. ಅದು ಕೆಲಸ ಮಾಡುವಾಗ ಬ್ರೇಕಿನ ಹಿಡಿ ಬೆರಳಿನಡಿ ಪಟಪಟನೆ ಮಿಡಿಯುತ್ತದೆ. ಏನೋ ಮುರಿಯಿತೆಂದು ಬೆದರಿದ ಹೊಸಬ ಹಿಡಿಯನ್ನು ಬಿಟ್ಟುಬಿಟ್ಟರೆ ಗಾಡಿ ನಿಲ್ಲುವುದಿಲ್ಲ. ಹಿಡಿದೇ ಇರಬೇಕು ಎಂಬ ಒಂದು ಮಾತನ್ನು ಶೋರೂಮಿನಲ್ಲಿ ಹೇಳುವವರು ಅಪರೂಪ.

ರಡಾರಿನ ವಿಷಯದಲ್ಲಿ ನನ್ನ ಮೆಚ್ಚುಗೆಗೆ ಮಿತಿಯಿದೆ. ಬಿಎಂಡಬ್ಲ್ಯು ಬೈಕಿನ ರಡಾರ್ ಕ್ರೂಸ್ ಕಂಟ್ರೋಲ್ ಚಲಿಸುವ ವಾಹನಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನಿಂತ ವಾಹನಕ್ಕೆ ಸ್ಪಂದಿಸುವುದಿಲ್ಲ. ಹಿಂದೀಪವಿಲ್ಲದ ಟ್ರ್ಯಾಕ್ಟರು ಕತ್ತಲಲ್ಲಿ ನಿಂತಿರುವ ನಮ್ಮ ಹೆದ್ದಾರಿಗಳಲ್ಲಿ ಅದನ್ನು ನೆಚ್ಚಿ ಕೂರುವುದು ಅಪಾಯ. ಹಿಂಬದಿಯ ರಡಾರ್ ಇದಕ್ಕಿಂತ ಉಪಯುಕ್ತ. ಬೆಂಗಳೂರಿನ ಅಲ್ಟ್ರಾವಯೊಲೆಟ್ ಕಂಪನಿ 2025ರಲ್ಲಿ ಬಿಡುಗಡೆ ಮಾಡಿದ ಎಕ್ಸ್-47 ಹಿಂದಿನಿಂದ ಬರುವ ವಾಹನಗಳನ್ನು ಗಮನಿಸಿ ಸವಾರನನ್ನು ಎಚ್ಚರಿಸುತ್ತದೆ. ಬಿಡುಗಡೆಯಾದಾಗ ಅದರ ಆರಂಭಿಕ ಬೆಲೆ ಮೂರು ಲಕ್ಷದೊಳಗಿತ್ತು. ಕುತ್ತಿಗೆ ಸುಲಭವಾಗಿ ಹೊರಳದ ಹಿರಿಯ ಸವಾರರಿಗೆ ಇಂಥ ಎಚ್ಚರಿಕೆ ನಿಜವಾದ ನೆರವು. ಆದರೆ ಎರಡೂ ಪಕ್ಕ ಗೇಣು ಜಾಗ ಬಿಡದೆ ಗಾಡಿಗಳು ನುಗ್ಗುವ ಪೇಟೆಯಲ್ಲಿ ಎಚ್ಚರಿಕೆಯ ದೀಪ ಮತ್ತೆ ಮತ್ತೆ ಉರಿದರೆ ಕಣ್ಣು ಅದನ್ನು ನಿರ್ಲಕ್ಷಿಸಲು ಕಲಿತುಬಿಡುತ್ತದೆ.

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅವರಲ್ಲಿ ಶೇ. 44.5ರಷ್ಟು ದ್ವಿಚಕ್ರ ವಾಹನದಲ್ಲಿದ್ದವರು. ಯಾವ ಸಾಧನ ಬೇಕು ಎಂಬುದನ್ನು ಈ ಅಂಕಿಯ ಮುಂದೆ ನಿಂತು ತೀರ್ಮಾನಿಸಬೇಕು. ಎಲ್ಲ ದ್ವಿಚಕ್ರ ವಾಹನಗಳಿಗೂ ಎಬಿಎಸ್ ಕಡ್ಡಾಯ ಮಾಡುವ ಕರಡನ್ನು ಕೇಂದ್ರ ಸಾರಿಗೆ ಸಚಿವಾಲಯ 2025ರ ಜೂನ್‌ನಲ್ಲಿ ಹೊರಡಿಸಿತು. ಬೆಲೆ ಏರುತ್ತದೆಂಬ ಆಕ್ಷೇಪ ಇದ್ದದ್ದೇ, ಆದರೂ ಆ ದಾರಿಯೇ ಸರಿ. ತಯಾರಕರು ಸುಲಭ ಕ್ಲಚ್ಚನ್ನು 125 ಸಿಸಿ ಬೈಕಿಗೆ ತರಲಿ. ಹೊಸಬರೂ ಹಿರಿಯರೂ ಬರುತ್ತಾರೆ. ರಡಾರ್ ಆಮೇಲೆ ಬಂದರೂ ನಡೆಯುತ್ತದೆ.

ಮನೆಗೆ ಬೈಕ್ ತರುವವರಿಗೆ ಒಂದು ಮಾತು. ಮಗಳಿಗಾಗಲಿ, ಅಪ್ಪನಿಗಾಗಲಿ, ಪರದೆಯ ಮೇಲಿನ ಚಿತ್ರಗಳನ್ನು ನೋಡುವ ಮುನ್ನ ಸೀಟಿನಲ್ಲಿ ಕೂರಿಸಿ ಎರಡೂ ಪಾದ ನೆಲಕ್ಕೆ ತಾಗುತ್ತವೆಯೇ ನೋಡಿ. ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರವೋ, ಎರಡಕ್ಕೂ ಇದೆಯೋ ಕೇಳಿ. ಗಾಡಿ ಮನೆಗೆ ಬಂದ ಮೇಲೆ ಖಾಲಿ ಮೈದಾನಕ್ಕೆ ಹೋಗಿ, ಹೆಲ್ಮೆಟ್ ಹಾಕಿಕೊಂಡು, ನಿಧಾನ ವೇಗದಿಂದ ಶುರುಮಾಡಿ ಜೋರಾಗಿ ಬ್ರೇಕ್ ಹಿಡಿಯುವುದನ್ನು ಅಭ್ಯಾಸ ಮಾಡಿಸಿ.